ಮಾಜ್ದಾ ಎಂಎಕ್ಸ್-5 (ಮೊದಲ ತಲೆಮಾರು): ಬ್ರೇಕ್ ಪ್ಯಾಡ್ ಬದಲಾವಣೆ

ಮಾಜ್ದಾ ಎಂಎಕ್ಸ್-5 ಜಪಾನಿನ ಮಾಜ್ದಾ ಸಂಸ್ಥೆ ತಯಾರಿಸಿದ ಎರಡು ಆಸನಗಳ ತೆರೆದ ಕ್ರೀಡಾ ಕಾರು. ಇದರ ಮೊದಲ ತಲೆಮಾರು 1989ರಿಂದ 1997ರವರೆಗೆ ತಯಾರಾಯಿತು. ಈ ಕಾರಿನ ನಾಲ್ಕೂ ಚಕ್ರಗಳಲ್ಲಿ ಡಿಸ್ಕ್ ಬ್ರೇಕ್‌ಗಳಿವೆ. ಅವುಗಳಲ್ಲಿ ಸವೆದ ಪ್ಯಾಡ್‌ಗಳನ್ನು ತೆಗೆದು ಹೊಸ ಪ್ಯಾಡ್‌ಗಳನ್ನು ಕೂರಿಸುವುದು ಸಾಮಾನ್ಯ ಸಲಕರಣೆಗಳಿಂದ ಮನೆಯಲ್ಲಿಯೇ ಮಾಡಬಹುದಾದ ಕೆಲಸವಾಗಿದೆ. ಆದರೆ ಮುಂದಿನ ಮತ್ತು ಹಿಂದಿನ ಬ್ರೇಕ್‌ಗಳು ನೋಡಲು ಒಂದೇ ತೆರನಾಗಿದ್ದರೂ ಅವುಗಳ ಒಳರಚನೆ ಬೇರೆ ಬೇರೆ. ಮುಂದಿನ ಪಿಸ್ಟನ್ ಅನ್ನು ಒತ್ತಿ ಹಿಂದಕ್ಕೆ ಸರಿಸಬೇಕು. ಹಿಂದಿನದನ್ನು ತಿರುಪಿನ ಮೂಲಕ ಮಾತ್ರ ಸರಿಸಬೇಕು. ಈ ವ್ಯತ್ಯಾಸವನ್ನು ಅರಿಯದೆ ಬಲ ಪ್ರಯೋಗಿಸಿದಲ್ಲಿ ಕೈಬ್ರೇಕ್‌ನ ಯಂತ್ರಾಂಗ ಹಾಳಾಗುತ್ತದೆ.

ಹಿನ್ನೆಲೆ

ಡಿಸ್ಕ್ ಬ್ರೇಕ್‌ನ ಒಂದು ಆರಂಭಿಕ ವಿನ್ಯಾಸಕ್ಕೆ ಇಂಗ್ಲೆಂಡಿನ ಫ್ರೆಡರಿಕ್ ಲ್ಯಾಂಚೆಸ್ಟರ್ 1902ರಲ್ಲಿ ಹಕ್ಕುಸ್ವಾಮ್ಯ ಪಡೆದಿದ್ದರು. ಆದರೆ ಅದು ಜನಪ್ರಿಯವಾದದ್ದು ಅರ್ಧ ಶತಮಾನದ ನಂತರ. 1953ರ ಲೆ ಮಾನ್ಸ್ 24 ಗಂಟೆಗಳ ಸ್ಪರ್ಧೆಯನ್ನು ಡನ್‌ಲಪ್ ಡಿಸ್ಕ್ ಬ್ರೇಕ್‌ಗಳಿದ್ದ ಜಾಗ್ವಾರ್ ಸಿ-ಟೈಪ್ ಕಾರು ಗೆದ್ದಿತು. ಡ್ರಮ್ ಬ್ರೇಕ್‌ನಂತೆ ಶಾಖ ಒಳಗೇ ಉಳಿಯದೆ, ತೆರೆದ ಡಿಸ್ಕ್‌ನಿಂದ ಗಾಳಿಗೆ ಹೊರಟುಹೋಗುವುದು ಇದರ ಮುಖ್ಯ ಅನುಕೂಲವಾಗಿತ್ತು. ಮುಂದಿನ ದಶಕಗಳಲ್ಲಿ ಕ್ರೀಡಾ ಕಾರುಗಳಲ್ಲಿ ಡಿಸ್ಕ್ ಬ್ರೇಕ್ ರೂಢಿಯಾಯಿತು.

ಎಂಎಕ್ಸ್-5 ಕಾರನ್ನು 1989ರ ಫೆಬ್ರವರಿಯಲ್ಲಿ ಷಿಕಾಗೋ ವಾಹನ ಪ್ರದರ್ಶನದಲ್ಲಿ ಮೊದಲು ಪರಿಚಯಿಸಲಾಯಿತು. ಅಮೆರಿಕದಲ್ಲಿ ಇದನ್ನು ಮಿಯಾಟಾ ಎಂದೂ ಜಪಾನಿನಲ್ಲಿ ಯೂನೋಸ್ ರೋಡ್‌ಸ್ಟರ್ ಎಂದೂ ಕರೆಯಲಾಗುತ್ತಿತ್ತು. ಮೊದಲ ತಲೆಮಾರಿನ ನಾಲ್ಕು ಲಕ್ಷಕ್ಕೂ ಹೆಚ್ಚು ಕಾರುಗಳು ತಯಾರಾದವು. ಇಂಜಿನ್ ಮುಂದಿದ್ದು ಹಿಂದಿನ ಚಕ್ರಗಳು ಚಾಲನೆ ಪಡೆಯುವ ಈ ಕಾರಿನ ಯಂತ್ರಭಾಗಗಳು ಸರಳವಾಗಿವೆ. ಆದ್ದರಿಂದ ಇದರ ನಿರ್ವಹಣೆಯನ್ನು ಮಾಲೀಕರೇ ಮಾಡಿಕೊಳ್ಳುವುದು ಅನೇಕ ದೇಶಗಳಲ್ಲಿ ಸಾಮಾನ್ಯವಾಗಿದೆ.

ಬ್ರೇಕ್ ವ್ಯವಸ್ಥೆಯ ರಚನೆ

ಚಾಲಕ ಪೆಡಲ್ ಒತ್ತಿದಾಗ ಮುಖ್ಯ ಸಿಲಿಂಡರ್‌ನಲ್ಲಿರುವ ದ್ರವದ ಒತ್ತಡ ಕೊಳವೆಗಳ ಮೂಲಕ ಪ್ರತಿ ಚಕ್ರದ ಕ್ಯಾಲಿಪರ್‌ಗೆ ತಲುಪುತ್ತದೆ. ಈ ಕಾರಿನ ಕ್ಯಾಲಿಪರ್‌ಗಳಲ್ಲಿ ಒಂದೊಂದೇ ಪಿಸ್ಟನ್ ಇದೆ. ಪಿಸ್ಟನ್ ಒಳಬದಿಯ ಪ್ಯಾಡ್ ಅನ್ನು ಡಿಸ್ಕ್‌ಗೆ ಒತ್ತುತ್ತದೆ. ಅದರ ಪ್ರತಿಕ್ರಿಯೆಯಿಂದ ಇಡೀ ಕ್ಯಾಲಿಪರ್ ತನ್ನ ಜಾರು ಪಿನ್‌ಗಳ ಮೇಲೆ ಸರಿದು ಹೊರಬದಿಯ ಪ್ಯಾಡ್ ಅನ್ನೂ ಡಿಸ್ಕ್‌ಗೆ ಎಳೆಯುತ್ತದೆ. ಪಿನ್‌ಗಳು ತುಕ್ಕು ಹಿಡಿದು ಬಿಗಿಯಾದರೆ ಕ್ಯಾಲಿಪರ್ ಸರಿಯುವುದಿಲ್ಲ. ಆಗ ಒಂದು ಬದಿಯ ಪ್ಯಾಡ್ ಮಾತ್ರ ಬೇಗ ಸವೆಯುತ್ತದೆ.

ಚಲಿಸುವ ಕಾರಿನ ಶಕ್ತಿಯನ್ನು ಬ್ರೇಕ್ ಶಾಖವಾಗಿ ಪರಿವರ್ತಿಸುತ್ತದೆ. ಚಾಲಕನೂ ಸೇರಿ 1000 ಕಿಲೋಗ್ರಾಂ ತೂಗುವ ಕಾರು ಗಂಟೆಗೆ 100 ಕಿ.ಮೀ. ವೇಗದಲ್ಲಿದ್ದಾಗ ಸುಮಾರು 386 ಕಿಲೋಜೂಲ್ ಚಲನಶಕ್ತಿಯನ್ನು ಹೊಂದಿರುತ್ತದೆ. ಕಾರು ನಿಲ್ಲುವಷ್ಟರಲ್ಲಿ ಇದರ ಬಹುಪಾಲು ಡಿಸ್ಕ್ ಮತ್ತು ಪ್ಯಾಡ್‌ಗಳಿಗೆ ಶಾಖವಾಗಿ ಸೇರುತ್ತದೆ. ಬ್ರೇಕ್ ಹಾಕಿದಾಗ ಭಾರ ಮುಂದಕ್ಕೆ ವಾಲುವುದರಿಂದ ಮುಂದಿನ ಬ್ರೇಕ್‌ಗಳ ಪಾಲು ಹೆಚ್ಚು. ಆದ್ದರಿಂದ ಮುಂದಿನ ಡಿಸ್ಕ್‌ಗಳು ದೊಡ್ಡದಾಗಿದ್ದು, ನಡುವೆ ಗಾಳಿ ಹಾಯುವ ಪೊಳ್ಳು ರಚನೆ ಹೊಂದಿವೆ. ಹಿಂದಿನವು ಗಟ್ಟಿ ಡಿಸ್ಕ್‌ಗಳು.

1.6 ಲೀಟರ್ ಇಂಜಿನ್ನಿನ ಮೂಲ ಮಾದರಿಯಲ್ಲಿ ಮುಂದಿನ ಡಿಸ್ಕ್ 235 ಮಿ.ಮೀ. ಮತ್ತು ಹಿಂದಿನದು 231 ಮಿ.ಮೀ. ವ್ಯಾಸ ಹೊಂದಿವೆ. 1993ರಲ್ಲಿ ಬಂದ 1.8 ಲೀಟರ್ ಮಾದರಿಯಲ್ಲಿ ಇವು ಕ್ರಮವಾಗಿ 255 ಮತ್ತು 251 ಮಿ.ಮೀ. ಇವೆರಡರ ಪ್ಯಾಡ್‌ಗಳು ಬೇರೆ ಬೇರೆ. ಹಳೆಯ ಕಾರುಗಳಲ್ಲಿ ಹಿಂದಿನ ಮಾಲೀಕರು ದೊಡ್ಡ ಬ್ರೇಕ್‌ಗಳನ್ನು ಅಳವಡಿಸಿರುವುದೂ ಉಂಟು. ಆದಕಾರಣ ಕಾರಿನ ವರ್ಷವನ್ನಷ್ಟೇ ನಂಬದೆ ಡಿಸ್ಕ್ ಅನ್ನು ಅಳೆದು ಪ್ಯಾಡ್ ಕೊಳ್ಳುವುದು ಉಚಿತ.

ಸವೆತದ ಲಕ್ಷಣಗಳು

ಪ್ಯಾಡ್ ಎಂದರೆ ಉಕ್ಕಿನ ತಗಡಿಗೆ ಅಂಟಿಸಿದ ಘರ್ಷಣಾ ಪದಾರ್ಥ. ಈ ಪದಾರ್ಥದ ದಪ್ಪ 1 ಮಿ.ಮೀ.ಗೆ ಇಳಿದರೆ ಪ್ಯಾಡ್ ಬದಲಾಯಿಸಲೇಬೇಕು. 3 ಮಿ.ಮೀ. ಉಳಿದಿರುವಾಗಲೇ ಬದಲಾಯಿಸುವುದು ಸುರಕ್ಷಿತ ರೂಢಿಯಾಗಿದೆ. ಸವೆತವನ್ನು ಸೂಚಿಸುವ ಇತರ ಲಕ್ಷಣಗಳು ಹೀಗಿವೆ:

• ಬ್ರೇಕ್ ಹಾಕಿದಾಗ ಕೀರಲು ಸದ್ದು. ಅನೇಕ ಪ್ಯಾಡ್‌ಗಳಲ್ಲಿ ಮಿತಿ ಸಮೀಪಿಸಿದಾಗ ಡಿಸ್ಕ್‌ಗೆ ತಾಗಿ ಸದ್ದು ಮಾಡುವ ಸಣ್ಣ ಲೋಹದ ಪಟ್ಟಿ ಇರುತ್ತದೆ.
• ಲೋಹಕ್ಕೆ ಲೋಹ ಉಜ್ಜುವ ಗರಗರ ಸದ್ದು. ಇದು ಘರ್ಷಣಾ ಪದಾರ್ಥ ಪೂರ್ತಿ ಮುಗಿದಿರುವುದರ ಸೂಚನೆ. ಇಂಥ ಸ್ಥಿತಿಯಲ್ಲಿ ಕಾರನ್ನು ಓಡಿಸಬಾರದು.
• ಬ್ರೇಕ್ ದ್ರವದ ತೊಟ್ಟಿಯಲ್ಲಿ ಮಟ್ಟ ನಿಧಾನವಾಗಿ ಇಳಿಯುವುದು. ಪ್ಯಾಡ್ ಸವೆದಂತೆ ಪಿಸ್ಟನ್ ಹೊರಬಂದು, ಅದರ ಹಿಂದಿನ ಜಾಗವನ್ನು ದ್ರವ ತುಂಬುತ್ತದೆ.
• ಬ್ರೇಕ್ ಹಾಕಿದಾಗ ಕಾರು ಒಂದು ಬದಿಗೆ ಎಳೆಯುವುದು. ಇದಕ್ಕೆ ಪಿನ್ ಅಥವಾ ಪಿಸ್ಟನ್ ಬಿಗಿಯಾಗಿರುವುದೂ ಕಾರಣವಿರಬಹುದು.

ಪ್ಯಾಡ್‌ಗಳನ್ನು ಯಾವಾಗಲೂ ಒಂದೇ ಅಚ್ಚಿನ ಎರಡೂ ಚಕ್ರಗಳಲ್ಲಿ ಒಟ್ಟಿಗೆ ಬದಲಾಯಿಸಬೇಕು. ಡಿಸ್ಕ್‌ನ ಕನಿಷ್ಠ ದಪ್ಪವನ್ನು ಸೇವಾ ಕೈಪಿಡಿಯಲ್ಲಿ ನೀಡಲಾಗಿರುತ್ತದೆ. ಅದಕ್ಕಿಂತ ತೆಳುವಾದ ಅಥವಾ ಬಿರುಕು ಬಿಟ್ಟ ಡಿಸ್ಕ್‌ಗೆ ಹೊಸ ಪ್ಯಾಡ್ ಹಾಕಬಾರದು.

ಸಲಕರಣೆಗಳು

ಜ್ಯಾಕ್, ಎರಡು ಗಟ್ಟಿ ಸ್ಟ್ಯಾಂಡ್‌ಗಳು, ಚಕ್ರಗಳಿಗೆ ಕೊಡುವ ಅಡ್ಡಗಟ್ಟೆಗಳು, ಸ್ಪ್ಯಾನರ್‌ಗಳು, 4 ಮಿ.ಮೀ. ಅಲೆನ್ ಕೀ, ಟಾರ್ಕ್ ರೆಂಚ್, ಸಿ ಆಕಾರದ ಕ್ಲ್ಯಾಂಪ್, ತಂತಿ ಬ್ರಷ್, ಬ್ರೇಕ್ ಕ್ಲೀನರ್ ಮತ್ತು ಬ್ರೇಕ್ ಭಾಗಗಳಿಗೆಂದೇ ತಯಾರಾದ ಗ್ರೀಸ್ ಬೇಕಾಗುತ್ತವೆ. ಖನಿಜ ತೈಲದ ಸಾಮಾನ್ಯ ಗ್ರೀಸ್ ಬಳಸಿದರೆ ಪಿನ್‌ಗಳ ರಬ್ಬರ್ ಕವಚಗಳು ಉಬ್ಬಿ ಕೆಡುತ್ತವೆ.

ಹಳೆಯ ಪ್ಯಾಡ್‌ಗಳ ಧೂಳಿನಲ್ಲಿ ಕಲ್ನಾರು ಇರುವ ಸಾಧ್ಯತೆಯಿದೆ. ಕಲ್ನಾರಿನ ನಾರುಗಳು ಉಸಿರಿನೊಂದಿಗೆ ಒಳಸೇರಿದರೆ ಶ್ವಾಸಕೋಶದ ಗಂಭೀರ ಕಾಯಿಲೆಗಳಿಗೂ ಕ್ಯಾನ್ಸರಿಗೂ ಕಾರಣವಾಗುತ್ತವೆ. ಆದ್ದರಿಂದ ಧೂಳನ್ನು ಗಾಳಿಯಿಂದ ಊದದೆ, ಒಣಗಿರುವಾಗ ಉಜ್ಜದೆ, ಕ್ಲೀನರ್‌ನಿಂದ ತೋಯಿಸಿ ಒರೆಸಬೇಕು.

ಕಾರನ್ನು ಎತ್ತುವುದು

ಕಾರು ಸಮತಟ್ಟಾದ ಗಟ್ಟಿ ನೆಲದ ಮೇಲಿರಬೇಕು. ಚಕ್ರದ ನಟ್‌ಗಳನ್ನು ಕಾರು ನೆಲದ ಮೇಲಿರುವಾಗಲೇ ಸ್ವಲ್ಪ ಸಡಿಲಿಸಿ, ನಂತರ ಎತ್ತಿ, ಕೈಪಿಡಿ ಸೂಚಿಸಿದ ಬಲವಾದ ಜಾಗಗಳಲ್ಲಿ ಸ್ಟ್ಯಾಂಡ್ ಕೊಡಲಾಗುತ್ತದೆ. ಜ್ಯಾಕ್ ಎತ್ತುವುದಕ್ಕೆ ಮಾತ್ರ, ಹೊತ್ತು ನಿಲ್ಲುವುದಕ್ಕಲ್ಲ. ಜ್ಯಾಕ್ ಒಂದರ ಮೇಲೆಯೇ ನಿಂತ ಕಾರಿನ ಬಳಿ ಕೆಲಸ ಮಾಡುವುದು ಪ್ರಾಣಾಪಾಯಕಾರಿ.

ಮುಂಭಾಗವನ್ನು ಎತ್ತುವಾಗ ಕೈಬ್ರೇಕ್ ಎಳೆದು, ಹಿಂದಿನ ಚಕ್ರಗಳಿಗೆ ಅಡ್ಡಗಟ್ಟೆ ಕೊಡಬೇಕು. ಹಿಂಭಾಗವನ್ನು ಎತ್ತಿದಾಗ ಪರಿಸ್ಥಿತಿ ಬದಲಾಗುತ್ತದೆ. ಕೈಬ್ರೇಕ್ ಮತ್ತು ಗೇರ್ ಎರಡೂ ಹಿಡಿಯುವುದು ಹಿಂದಿನ ಚಕ್ರಗಳನ್ನೇ. ಅವು ಈಗ ಗಾಳಿಯಲ್ಲಿರುತ್ತವೆ. ಮೇಲಾಗಿ ಹಿಂದಿನ ಪ್ಯಾಡ್ ತೆಗೆಯಲು ಕೈಬ್ರೇಕ್ ಸಡಿಲವಾಗಿರಲೇಬೇಕು. ಹೀಗಾಗಿ ಕಾರು ಉರುಳದಂತೆ ತಡೆಯುವುದು ಮುಂದಿನ ಚಕ್ರಗಳ ಎರಡೂ ಬದಿಗೆ ಕೊಟ್ಟ ಅಡ್ಡಗಟ್ಟೆಗಳು ಮಾತ್ರ.

ಮುಂದಿನ ಚಕ್ರಗಳು

ಚಕ್ರವನ್ನು ಕಳಚಿದ ಮೇಲೆ ಪ್ಯಾಡ್‌ಗಳು ಮತ್ತು ಅವುಗಳನ್ನು ಹಿಡಿದಿರುವ ತೆಳು ಸ್ಪ್ರಿಂಗ್‌ಗಳು ಹೇಗೆ ಕೂತಿವೆ ಎಂಬುದನ್ನು ಗುರುತಿಸಿಕೊಳ್ಳಬೇಕು. ಒಂದು ಬದಿಯ ಕೆಲಸ ಮುಗಿಯುವವರೆಗೆ ಇನ್ನೊಂದನ್ನು ಬಿಚ್ಚದಿದ್ದರೆ ಅದು ಮಾದರಿಯಾಗಿ ಒದಗುತ್ತದೆ. ಬಳಿಕ ಕ್ಯಾಲಿಪರ್‌ನ ಕೆಳಗಿನ ಬೋಲ್ಟ್ ತೆಗೆದು, ಕ್ಯಾಲಿಪರ್ ಅನ್ನು ಮೇಲಿನ ಪಿನ್‌ನ ಸುತ್ತ ಮೇಲಕ್ಕೆ ತಿರುಗಿಸಿ ಪ್ಯಾಡ್‌ಗಳನ್ನು ಹೊರತೆಗೆಯಲಾಗುತ್ತದೆ. ಕ್ಯಾಲಿಪರ್ ಅನ್ನು ರಬ್ಬರ್ ಕೊಳವೆಯಿಂದ ಜೋತುಬಿಡಬಾರದು; ತಂತಿಯಿಂದ ಕಟ್ಟಿ ನಿಲ್ಲಿಸಬೇಕು.

ಹೊಸ ಪ್ಯಾಡ್‌ಗಳು ದಪ್ಪವಾಗಿರುವುದರಿಂದ ಪಿಸ್ಟನ್ ಅನ್ನು ಹಿಂದಕ್ಕೆ ಸರಿಸಬೇಕಾಗುತ್ತದೆ. ಹಳೆಯ ಪ್ಯಾಡ್ ಒಂದನ್ನು ಪಿಸ್ಟನ್ ಮೇಲಿಟ್ಟು, ಸಿ ಕ್ಲ್ಯಾಂಪ್‌ನಿಂದ ನಿಧಾನವಾಗಿ ಒತ್ತಿದರೆ ಅದು ಒಳಸರಿಯುತ್ತದೆ. ಆಗ ದ್ರವ ತೊಟ್ಟಿಗೆ ಹಿಂದಿರುಗುತ್ತದೆ. ತೊಟ್ಟಿ ಮೊದಲೇ ತುಂಬಿದ್ದರೆ ದ್ರವ ಉಕ್ಕಿ ಚೆಲ್ಲುವ ಸಂಭವವಿರುವುದರಿಂದ ಮುಂಚಿತವಾಗಿ ಸ್ವಲ್ಪ ಹೀರಿ ತೆಗೆಯಬೇಕು. ಬ್ರೇಕ್ ದ್ರವ ಬಿದ್ದ ಜಾಗದಲ್ಲಿ ಕಾರಿನ ಬಣ್ಣ ಕಿತ್ತುಬರುತ್ತದೆ. ಬಿದ್ದ ತಕ್ಷಣ ನೀರಿನಿಂದ ತೊಳೆಯಬೇಕು.

ಪಿನ್‌ಗಳನ್ನು ಸ್ವಚ್ಛಗೊಳಿಸಿ ಗ್ರೀಸ್ ಹಚ್ಚಿ, ಪ್ಯಾಡ್‌ಗಳು ಜಾರುವ ಅಂಚುಗಳಲ್ಲಿನ ತುಕ್ಕನ್ನು ಬ್ರಷ್‌ನಿಂದ ತೆಗೆಯಲಾಗುತ್ತದೆ. ಹೊಸ ಪ್ಯಾಡ್‌ನ ಘರ್ಷಣಾ ಮೇಲ್ಮೈಗಾಗಲಿ ಡಿಸ್ಕ್‌ಗಾಗಲಿ ಗ್ರೀಸ್ ಅಥವಾ ದ್ರವ ತಾಗಬಾರದು. ನಂತರ ಪ್ಯಾಡ್ ಮತ್ತು ಸ್ಪ್ರಿಂಗ್‌ಗಳನ್ನು ಕೂರಿಸಿ, ಕ್ಯಾಲಿಪರ್ ಇಳಿಸಿ, ಬೋಲ್ಟ್ ಅನ್ನು ಕೈಪಿಡಿಯಲ್ಲಿನ ಪ್ರಮಾಣಕ್ಕೆ ಬಿಗಿಯಲಾಗುತ್ತದೆ.

ಹಿಂದಿನ ಚಕ್ರಗಳು

ಈ ಕಾರಿನಲ್ಲಿ ಕೈಬ್ರೇಕ್‌ಗೆ ಪ್ರತ್ಯೇಕ ಡ್ರಮ್ ಇಲ್ಲ. ಕೈಬ್ರೇಕ್ ಎಳೆದಾಗ ಕೇಬಲ್ ಹಿಂದಿನ ಕ್ಯಾಲಿಪರ್‌ನ ಸನ್ನೆಯನ್ನು ತಿರುಗಿಸುತ್ತದೆ. ಅದು ಒಳಗಿನ ದಂಡದ ಮೂಲಕ ಪಿಸ್ಟನ್ ಅನ್ನು ತಳ್ಳುತ್ತದೆ. ಈ ದಂಡ ಪಿಸ್ಟನ್‌ನೊಂದಿಗೆ ತಿರುಪಿನಂತೆ ಜೋಡಣೆಗೊಂಡಿದೆ. ಕ್ಲ್ಯಾಂಪ್‌ನಿಂದ ಒತ್ತಿದಾಗ ಪಿಸ್ಟನ್ ಸರಿಯದಿರುವುದು ಇದೇ ಕಾರಣಕ್ಕೆ. ಅದನ್ನು ಜಂಗು ಹಿಡಿದಿದೆ ಎಂದು ಭಾವಿಸಿ ಮತ್ತಷ್ಟು ಒತ್ತುವುದು ಹೊಸಬರು ಮಾಡುವ ತಪ್ಪು.

ಸರಿಯಾದ ಕ್ರಮ ಹೀಗಿದೆ. ಕ್ಯಾಲಿಪರ್‌ನ ಹಿಂಬದಿಯಲ್ಲಿ 14 ಮಿ.ಮೀ. ತಲೆಯ ಮುಚ್ಚಳ ಬೋಲ್ಟ್ ಒಂದಿದೆ. ಅದನ್ನು ತೆಗೆದರೆ ಒಳಗೆ ಅಲೆನ್ ಕೀ ಕೂರುವ ತಿರುಪು ಸಿಗುತ್ತದೆ. 4 ಮಿ.ಮೀ. ಅಲೆನ್ ಕೀಯಿಂದ ಅದನ್ನು ಅಪ್ರದಕ್ಷಿಣವಾಗಿ ತಿರುಗಿಸಿದರೆ ಪಿಸ್ಟನ್ ಹಿಂದಕ್ಕೆ ಸರಿಯುತ್ತದೆ. ಸಾಕಷ್ಟು ಜಾಗವಾದ ಮೇಲೆ ಕ್ಯಾಲಿಪರ್ ಬಿಚ್ಚಿ, ಹಳೆಯ ಪ್ಯಾಡ್‌ಗಳನ್ನು ತೆಗೆದು ಹೊಸವನ್ನು ಕೂರಿಸಿ ಕ್ಯಾಲಿಪರ್ ಬಿಗಿಯಲಾಗುತ್ತದೆ.

ಅನಂತರ ಅದೇ ತಿರುಪನ್ನು ಪ್ರದಕ್ಷಿಣವಾಗಿ ತಿರುಗಿಸುತ್ತ, ಪ್ಯಾಡ್‌ಗಳು ಡಿಸ್ಕ್‌ಗೆ ತಾಗಿ ಅದು ಕೈಯಿಂದ ತಿರುಗದ ಹಂತಕ್ಕೆ ತರಬೇಕು. ಅಲ್ಲಿಂದ ಸುತ್ತಿನ ಮೂರನೆಯ ಒಂದು ಭಾಗದಷ್ಟು ಹಿಂದಕ್ಕೆ ತಿರುಗಿಸಿ, ಡಿಸ್ಕ್ ಸಲೀಸಾಗಿ ತಿರುಗುವುದನ್ನು ಖಚಿತಪಡಿಸಿಕೊಂಡು ಮುಚ್ಚಳ ಬೋಲ್ಟ್ ಹಾಕಬೇಕು. ಈ ಹೊಂದಾಣಿಕೆಯನ್ನು ಬಿಟ್ಟರೆ ಕೈಬ್ರೇಕ್ ಸನ್ನೆ ಬಹಳ ಮೇಲಕ್ಕೆ ಬಂದರೂ ಕಾರು ನಿಲ್ಲುವುದಿಲ್ಲ. ಅತಿಯಾಗಿ ಬಿಗಿದರೆ ಪ್ಯಾಡ್ ಸದಾ ಉಜ್ಜಿ ಡಿಸ್ಕ್ ಕಾದುಹೋಗುತ್ತದೆ.

ಮರುಜೋಡಣೆ ಮತ್ತು ಪೆಡಲ್ ಪರೀಕ್ಷೆ

ಚಕ್ರಗಳನ್ನು ಕೂರಿಸಿ, ಕಾರನ್ನು ಇಳಿಸಿದ ನಂತರ ನಟ್‌ಗಳನ್ನು 88ರಿಂದ 118 ನ್ಯೂಟನ್-ಮೀಟರ್ ಮಿತಿಯೊಳಗೆ ಎದುರುಬದುರು ಕ್ರಮದಲ್ಲಿ ಬಿಗಿಯಬೇಕು.

ಇಡೀ ಕೆಲಸದಲ್ಲಿ ಮರೆಯಲೇಬಾರದ ಹಂತ ಇದರ ನಂತರದ್ದು. ಹಿಂದಕ್ಕೆ ಸರಿಸಿದ ಮುಂದಿನ ಪಿಸ್ಟನ್‌ಗಳು ಮತ್ತು ಪ್ಯಾಡ್‌ಗಳ ನಡುವೆ ಅಂತರವಿರುತ್ತದೆ. ಹೀಗಾಗಿ ಮೊದಲ ಸಲ ಒತ್ತಿದಾಗ ಪೆಡಲ್ ಪ್ರತಿರೋಧವಿಲ್ಲದೆ ಕೆಳಗಿಳಿಯುತ್ತದೆ; ಬ್ರೇಕ್ ಹಿಡಿಯುವುದಿಲ್ಲ. ಕಾರನ್ನು ಅಲುಗಾಡಿಸುವ ಮೊದಲೇ, ಪೆಡಲ್ ಗಟ್ಟಿಯಾಗುವವರೆಗೆ ನಿಧಾನವಾಗಿ ಹಲವು ಬಾರಿ ಒತ್ತಬೇಕು. ಇಂಜಿನ್ ಚಾಲೂ ಮಾಡಿ ಮತ್ತೊಮ್ಮೆ ಪರೀಕ್ಷಿಸಬೇಕು. ಎಷ್ಟು ಒತ್ತಿದರೂ ಪೆಡಲ್ ಮೆತ್ತಗೇ ಇದ್ದರೆ ವ್ಯವಸ್ಥೆಯಲ್ಲಿ ಗಾಳಿ ಸೇರಿರುವ ಅಥವಾ ಸೋರಿಕೆಯಿರುವ ಸಾಧ್ಯತೆಯಿದ್ದು, ಕಾರನ್ನು ಓಡಿಸಬಾರದು.

ಕೊನೆಗೆ ತೊಟ್ಟಿಯಲ್ಲಿ ದ್ರವದ ಮಟ್ಟ ನೋಡಿ, ಅಗತ್ಯವಿದ್ದರೆ ಮುಚ್ಚಳದ ಮೇಲೆ ಸೂಚಿಸಿದ ದರ್ಜೆಯ ಹೊಸ ದ್ರವ ಸೇರಿಸಲಾಗುತ್ತದೆ. ಡಾಟ್ 3 ದರ್ಜೆಯ ದ್ರವದ ಕನಿಷ್ಠ ಕುದಿಬಿಂದು ಹೊಸದಿದ್ದಾಗ 205 ಡಿಗ್ರಿ ಸೆಲ್ಸಿಯಸ್. ನಿಗದಿತ ಪ್ರಮಾಣದ ತೇವ ಸೇರಿದಾಗ 140 ಡಿಗ್ರಿ. ದ್ರವ ಗಾಳಿಯ ತೇವವನ್ನು ಹೀರುವುದರಿಂದ, ಬಹಳ ಕಾಲ ಬದಲಾಯಿಸದಿದ್ದರೆ ಇಳಿಜಾರಿನಲ್ಲಿ ಕಾದು ಕುದಿದು ಬ್ರೇಕ್ ವಿಫಲವಾಗಬಹುದು. ಸಿಲಿಕೋನ್ ಆಧಾರಿತ ಡಾಟ್ 5 ದ್ರವವನ್ನು ಇದರೊಂದಿಗೆ ಬೆರೆಸಬಾರದು.

ಪ್ಯಾಡ್‌ಗಳನ್ನು ಪಳಗಿಸುವುದು

ಹೊಸ ಪ್ಯಾಡ್‌ಗಳು ಆರಂಭದಲ್ಲಿ ಪೂರ್ಣ ಹಿಡಿತ ನೀಡುವುದಿಲ್ಲ. ಘರ್ಷಣಾ ಪದಾರ್ಥದ ತೆಳು ಪದರ ಡಿಸ್ಕ್‌ನ ಮೇಲೆ ಸಮವಾಗಿ ಹರಡಿಕೊಳ್ಳಬೇಕು. ಇದಕ್ಕಾಗಿ ವಾಹನ ಸಂಚಾರವಿಲ್ಲದ ರಸ್ತೆಯಲ್ಲಿ ಮಧ್ಯಮ ವೇಗದಿಂದ ಹಲವು ಬಾರಿ ಹದವಾಗಿ ಬ್ರೇಕ್ ಹಾಕಿ ವೇಗ ತಗ್ಗಿಸಿ, ನಡುನಡುವೆ ಬ್ರೇಕ್ ತಣಿಯಲು ಬಿಡಲಾಗುತ್ತದೆ. ನಿಖರವಾದ ಕ್ರಮ ಪ್ಯಾಡ್‌ನಿಂದ ಪ್ಯಾಡ್‌ಗೆ ಬದಲಾಗುವುದರಿಂದ ತಯಾರಕರ ಸೂಚನೆಯನ್ನೇ ಅನುಸರಿಸಬೇಕು. ಬಿಸಿಯಾದ ಬ್ರೇಕ್ ಅನ್ನು ಒತ್ತಿಹಿಡಿದು ನಿಂತರೆ ಡಿಸ್ಕ್‌ನ ಒಂದೇ ಜಾಗದಲ್ಲಿ ಪದಾರ್ಥ ಅಂಟಿಕೊಂಡು, ಮುಂದೆ ಬ್ರೇಕ್ ಹಾಕಿದಾಗಲೆಲ್ಲ ಪೆಡಲ್ ಅದುರುತ್ತದೆ.

ಮನೆಕೆಲಸದ ಮಿತಿ

ಪಿಸ್ಟನ್‌ನ ರಬ್ಬರ್ ಕವಚ ಹರಿದಿದ್ದರೆ, ಕ್ಯಾಲಿಪರ್‌ನಿಂದ ದ್ರವ ಜಿನುಗುತ್ತಿದ್ದರೆ, ರಬ್ಬರ್ ಕೊಳವೆ ಬಿರುಕು ಬಿಟ್ಟಿದ್ದರೆ ಅಥವಾ ಹಿಂದಿನ ತಿರುಪು ತುಕ್ಕಿನಿಂದ ತಿರುಗದಿದ್ದರೆ ಪ್ಯಾಡ್ ಬದಲಿಸುವುದರಿಂದ ದೋಷ ನಿವಾರಣೆಯಾಗುವುದಿಲ್ಲ. ಅಂಥ ಸಂದರ್ಭದಲ್ಲಿ ಕ್ಯಾಲಿಪರ್ ಅಥವಾ ಕೊಳವೆಯನ್ನೇ ದುರಸ್ತಿ ಮಾಡಬೇಕಾಗುತ್ತದೆ; ಅದು ಅನುಭವಿ ಮೆಕ್ಯಾನಿಕ್‌ನ ಕೆಲಸ. ಮೂವತ್ತು ವರ್ಷ ದಾಟಿದ ಕಾರುಗಳಲ್ಲಿ ಇಂಥ ದೋಷಗಳು ಅಪರೂಪವಲ್ಲ. ಪ್ಯಾಡ್ ಬದಲಿಸಲು ಚಕ್ರ ಕಳಚಿದ ಸಮಯವೇ ಅವುಗಳನ್ನು ಪತ್ತೆಹಚ್ಚಲು ಸೂಕ್ತ ಅವಕಾಶವಾಗಿದೆ.