ಔಷಧಿ ಬಾಟಲಿಯಲ್ಲಿ ನೀರಿನ ಲೆಕ್ಕ

ಕಾನೂನಿನ ಪುಸ್ತಕದಲ್ಲಿ ಅದರ ಹೆಸರು ಕೀಟನಾಶಕ. ಅತಿ ಅಪಾಯಕಾರಿ ಎನಿಸಿದ್ದರೆ ಡಬ್ಬಿಯ ಮೇಲೆ ತಲೆಬುರುಡೆಯ ಚಿತ್ರದೊಂದಿಗೆ ‘ವಿಷ’ ಎಂದು ಅಚ್ಚಾಗಿರುತ್ತದೆ. ಹಳೆಯ ಮೈಸೂರು ಕಡೆಯ ರೈತ ಅದನ್ನು ‘ಔಷಧಿ’ ಎನ್ನುತ್ತಾನೆ. ಕಲಬುರಗಿ, ರಾಯಚೂರು ಸೀಮೆಗೆ ಹೋದರೆ ಅದೇ ಪದಾರ್ಥ ‘ಎಣ್ಣಿ’ ಆಗುತ್ತದೆ. ಬೆಳೆಗೆ ಹುಳು ಬಿತ್ತೆಂದರೆ ಅಲ್ಲಿ ಕೇಳುವ ಮೊದಲ ಪ್ರಶ್ನೆ ‘ಎಣ್ಣಿ ಹೊಡದ್ರೇನು?’ ಎಂಬುದೇ. ಮಾರುವವನಿಗೆ ಅದು ಸರಕು, ಕೊಳ್ಳುವವನಿಗೆ ಮದ್ದು, ಸರಕಾರಕ್ಕೆ ನಿಯಂತ್ರಿಸಬೇಕಾದ ವಿಷ.

ಈ ಸರಕಿನ ಬಗ್ಗೆ ಚರ್ಚೆ ನಡೆದಾಗಲೆಲ್ಲ ಅದರ ಬೆಲೆ, ಕಲಬೆರಕೆ, ತರಕಾರಿಯಲ್ಲಿ ಉಳಿಯುವ ವಿಷದ ಅಂಶ ಇವುಗಳ ಮಾತು ಬರುತ್ತದೆ. ನೀರಿನ ಮಾತು ಬರುವುದು ಅಪರೂಪ. ಆದರೆ ಬಾಟಲಿಯ ಜತೆಗಿರುವ ಮಡಿಸಿದ ಕಾಗದವನ್ನು ಬಿಡಿಸಿ ನೋಡಿದರೆ ಕಾಣುವುದು ನೀರಿನ ಲೆಕ್ಕವೇ. ಇಂತಿಷ್ಟು ಔಷಧಿಯನ್ನು ಇಂತಿಷ್ಟು ಲೀಟರ್ ನೀರಿಗೆ ಬೆರೆಸಿ ಒಂದು ಹೆಕ್ಟೇರಿಗೆ ಸಿಂಪಡಿಸಬೇಕು ಎಂದು ಅದು ಹೇಳುತ್ತದೆ. ಭಾರತದ ಸಾಗುವಳಿ ಭೂಮಿಯಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಮಳೆಯನ್ನೇ ನಂಬಿದೆ. ಒಣಭೂಮಿಯ ವಿಸ್ತಾರದಲ್ಲಿ ರಾಜಸ್ಥಾನದ ನಂತರದ ಸ್ಥಾನ ಕರ್ನಾಟಕದ್ದು. ನೀರಿದೆ ಎಂದು ಭಾವಿಸಿ ತಯಾರಾದ ಸರಕು ನೀರಿಲ್ಲದ ನೆಲದಲ್ಲಿ ಮಾರಾಟವಾದಾಗ ಏನಾಗುತ್ತದೆ? ಈ ಮಾರುಕಟ್ಟೆಯ ಹಲವು ಗಂಟುಗಳು ಬಿಚ್ಚಿಕೊಳ್ಳುವುದು ಈ ಪ್ರಶ್ನೆಯಿಂದ.

ಮಲೇರಿಯಾದಿಂದ ಹೊಲಕ್ಕೆ

ರಾಸಾಯನಿಕ ಕೀಟನಾಶಕ ಭಾರತಕ್ಕೆ ಬಂದದ್ದು ರೈತನಿಗಾಗಿ ಅಲ್ಲ, ಸೊಳ್ಳೆಗಾಗಿ. ಎರಡನೇ ಮಹಾಯುದ್ಧದ ನಂತರ ಮಲೇರಿಯಾ ತಡೆಗೆ ಡಿಡಿಟಿ ಬಳಕೆಗೆ ಬಂತು. 1953ರಲ್ಲಿ ರಾಷ್ಟ್ರೀಯ ಮಲೇರಿಯಾ ನಿಯಂತ್ರಣ ಕಾರ್ಯಕ್ರಮ ಆರಂಭವಾದಾಗ ಮನೆಮನೆಯ ಗೋಡೆಗೆ ಅದರ ಸಿಂಪರಣೆ ನಡೆಯಿತು. ಅದಕ್ಕೆ ಒಂದು ವರ್ಷ ಮೊದಲು, 1952ರಲ್ಲಿ, ಕಲ್ಕತ್ತೆಯ ಹತ್ತಿರದ ರಿಷ್ರಾದಲ್ಲಿ ಬಿಎಚ್‌ಸಿ ತಯಾರಿಸುವ ಕಾರ್ಖಾನೆ ಶುರುವಾಗಿತ್ತು. ದೇಶದೊಳಗಿನ ಕೀಟನಾಶಕ ಉದ್ಯಮದ ಆರಂಭವೆಂದು ಅದನ್ನೇ ಹೇಳುವುದು ರೂಢಿ.

ಈ ಪದಾರ್ಥಗಳಿಗೆ ಕಾನೂನಿನ ಕಡಿವಾಣ ಬೀಳಲು ಒಂದು ದುರಂತ ಬೇಕಾಯಿತು. 1958ರಲ್ಲಿ ಕೇರಳದಲ್ಲಿ ಗೋಧಿ ಪದಾರ್ಥ ತಿಂದ ನೂರಕ್ಕೂ ಹೆಚ್ಚು ಜನ ಸತ್ತರು. ಹಡಗಿನಲ್ಲಿ ಬಂದ ಧಾನ್ಯಕ್ಕೆ ಅದರ ಜತೆಯಲ್ಲೇ ಸಾಗಿಸಿದ್ದ ಪ್ಯಾರಾಥಿಯಾನ್ ಸೋರಿ ಬೆರೆತಿತ್ತು. ನ್ಯಾಯಮೂರ್ತಿ ಜೆ.ಸಿ. ಷಾ ಅವರ ಆಯೋಗ ವಿಚಾರಣೆ ನಡೆಸಿತು. ಅದಾಗಿ ಹತ್ತು ವರ್ಷಕ್ಕೆ, 1968ರಲ್ಲಿ, ಕೀಟನಾಶಕ ಕಾಯ್ದೆ ಬಂತು. 1971ರಲ್ಲಿ ಅದರ ನಿಯಮಗಳು ಬಂದವು. ಅಷ್ಟು ಹೊತ್ತಿಗೆ ಹಸಿರು ಕ್ರಾಂತಿ ಕಾಲೂರಿತ್ತು. ಹೊಸ ತಳಿ, ಗೊಬ್ಬರ, ಕಾಲುವೆ ನೀರು, ಕೀಟನಾಶಕ ಈ ನಾಲ್ಕೂ ಒಂದೇ ಕಂತೆಯಾಗಿ ರೈತನಿಗೆ ಸಿಕ್ಕವು. ಮುಂದೆ ಈ ಕಂತೆಯಲ್ಲಿ ಮೂರು ವಸ್ತುಗಳು ಒಣಭೂಮಿಗೂ ತಲುಪಿದವು. ತಲುಪದೆ ಉಳಿದದ್ದು ನೀರು.

ಪುಡಿಯ ಕಾಲ

ನೀರಿಲ್ಲದ ಹೊಲಕ್ಕೆ ಆಗ ಒಂದು ಉಪಾಯವಿತ್ತು. ಅದು ಪುಡಿ. ಬಿಎಚ್‌ಸಿ ಪುಡಿ, ಆಮೇಲೆ ಮೀಥೈಲ್ ಪ್ಯಾರಾಥಿಯಾನ್ ಪುಡಿ, ಕ್ವಿನಾಲ್‌ಫಾಸ್ ಪುಡಿ. ಎಕರೆಗೆ ಸುಮಾರು ಹತ್ತು ಕಿಲೊ ಪುಡಿಯನ್ನು ಕೈಯಿಂದ ತಿರುಗಿಸುವ ಯಂತ್ರದಲ್ಲಿ ತುಂಬಿ, ಗಾಳಿ ತಗ್ಗಿದ ಬೆಳಗಿನ ಹೊತ್ತಿನಲ್ಲಿ ಬೆಳೆಯ ಮೇಲೆ ಊದಬೇಕು. ಯಂತ್ರ ಇಲ್ಲದವರು ತೆಳು ಬಟ್ಟೆಯ ಚೀಲದಲ್ಲಿ ಕಟ್ಟಿ ಗಿಡದ ಮೇಲೆ ಕೊಡವುತ್ತಿದ್ದರು. ಒಂದು ಹನಿ ನೀರೂ ಬೇಕಿರಲಿಲ್ಲ. ತೊಗರಿ, ಜೋಳ, ಕಡಲೆ ಬೆಳೆಯುವ ಸೀಮೆಗಳಲ್ಲಿ ಪುಡಿ ಬೇಗನೆ ನೆಲೆಯೂರಲು ಅಗ್ಗದ ಬೆಲೆಯಷ್ಟೇ ಕಾರಣವಲ್ಲ, ಇದೂ ಒಂದು ಕಾರಣ.

ಪುಡಿಯ ದೋಷ ಬೇರೆಯದು. ಅದು ಗಾಳಿಯಲ್ಲಿ ತೇಲಿ ಊದುವವನ ಉಸಿರಿಗೆ, ಪಕ್ಕದ ಹೊಲಕ್ಕೆ, ದನದ ಮೇವಿಗೆ ಸೇರುತ್ತದೆ. ಡಿಡಿಟಿ, ಬಿಎಚ್‌ಸಿಗಳಂತೂ ಮಣ್ಣಿನಲ್ಲಿ ವರ್ಷಗಟ್ಟಲೆ ಕರಗದೆ ಉಳಿದು ಹಾಲು, ಬೆಣ್ಣೆಯ ಮೂಲಕ ಮನುಷ್ಯನ ಮೈಸೇರುತ್ತವೆ. 1989ರಲ್ಲಿ ಕೃಷಿಗೆ ಡಿಡಿಟಿ ಬಳಕೆ ನಿಂತಿತು. 1997ರ ಏಪ್ರಿಲ್‌ನಲ್ಲಿ ಬಿಎಚ್‌ಸಿ ನಿಷೇಧವಾಯಿತು. ಈ ನಿರ್ಧಾರಗಳು ಸರಿಯಾದವೇ. ಆದರೆ ಅವುಗಳ ಜಾಗಕ್ಕೆ ಬಂದದ್ದು ಬಹುಪಾಲು ದ್ರವರೂಪದ ಔಷಧಿ. ದ್ರವ ಎಂದರೆ ಮತ್ತೆ ನೀರು.

ಹದಿಮೂರು ಪಂಪು

ಕೈಪಂಪಿನ ಸಿಂಪರಣೆಗೆ ಸಾಮಾನ್ಯವಾಗಿ ಹೇಳುವ ಪ್ರಮಾಣ ಹೆಕ್ಟೇರಿಗೆ 500 ಲೀಟರ್ ನೀರು. ಎಕರೆಗೆ 200 ಲೀಟರ್ ಆಯಿತು. ಬೆನ್ನಿಗೆ ಕಟ್ಟಿಕೊಳ್ಳುವ 16 ಲೀಟರಿನ ಪಂಪಿನಲ್ಲಿ ಇದು ಹನ್ನೆರಡು, ಹದಿಮೂರು ಪಂಪು. ಐದು ಎಕರೆ ತೊಗರಿ ಇದ್ದರೆ ಒಂದು ಸಿಂಪರಣೆಗೆ ಸಾವಿರ ಲೀಟರ್, ಅಂದರೆ ಐದು ಪೀಪಾಯಿ. ಬಾವಿ ಇಲ್ಲದ ಹೊಲಕ್ಕೆ ಇಷ್ಟು ನೀರನ್ನು ಊರಿನಿಂದಲೋ ಹಳ್ಳದಿಂದಲೋ ಬಂಡಿಯಲ್ಲಿ ತರಬೇಕು. ಬಂಡಿಯಿಂದ ಪಂಪಿಗೆ ಕೊಡದಲ್ಲಿ ಹೊತ್ತು ಸುರಿಯುವ ಕೆಲಸ ಹೆಚ್ಚಾಗಿ ಹೆಂಗಸರದು.

ನೀರು ಸಾಲದೆ ಹೋದಾಗ ರೈತನ ಮುಂದೆ ಇರುವುದು ಎರಡೇ ದಾರಿ. ಲೀಟರಿಗೆ 2 ಮಿಲಿಲೀಟರ್ ಬೆರೆಸಬೇಕಾದ ಔಷಧಿ ಎಂದುಕೊಳ್ಳೋಣ. ಎಕರೆಗೆ ಬೇಕಾದದ್ದು 400 ಮಿಲಿಲೀಟರ್. ನೀರು 100 ಲೀಟರ್ ಮಾತ್ರ ಇದ್ದು, ಬೆರೆಸುವ ಪ್ರಮಾಣವನ್ನು ಹಾಗೆಯೇ ಉಳಿಸಿಕೊಂಡರೆ ಹೊಲಕ್ಕೆ ಅರ್ಧ ಔಷಧಿ ಬೀಳುತ್ತದೆ. ಎಲೆಯ ಅಡಿ, ಕಾಯಿಯ ಮರೆ ನೆನೆಯುವುದಿಲ್ಲ. ಹುಳು ಬದುಕುತ್ತದೆ. ಹೀಗೆ ಅರೆಬರೆ ವಿಷ ಉಂಡು ಉಳಿದ ಹುಳುವಿನ ಸಂತತಿಗೆ ಆ ವಿಷ ಕ್ರಮೇಣ ನಾಟದಂತಾಗುತ್ತದೆ. ಎರಡನೆಯ ದಾರಿ, 400 ಮಿಲಿಲೀಟರನ್ನೂ ಅದೇ 100 ಲೀಟರಿಗೆ ಸುರಿಯುವುದು. ಆಗ ದ್ರಾವಣ ಎರಡರಷ್ಟು ಗಟ್ಟಿ. ಕೆಲವು ಔಷಧಿಗಳಿಗೆ ಎಲೆ ಸುಡುತ್ತದೆ. ಪಂಪಿನ ಮುಚ್ಚಳದಿಂದ ತುಳುಕಿ ಬೆನ್ನ ಮೇಲೆ ಇಳಿಯುವ ಹನಿಯೂ ಎರಡರಷ್ಟು ಗಟ್ಟಿಯೇ.

ನೀರಿನ ಗುಣವೂ ಇಲ್ಲಿ ಲೆಕ್ಕಕ್ಕೆ ಬರುತ್ತದೆ. ಒಣಸೀಮೆಯ ಕೊಳವೆಬಾವಿಗಳಲ್ಲಿ ಸವುಳು ಹೆಚ್ಚು. ಮೆಲಾಥಿಯಾನ್‌ನಂಥ ಔಷಧಿಗಳು ಕ್ಷಾರದ ನೀರಿನಲ್ಲಿ ಬೇಗ ಒಡೆದು ಶಕ್ತಿಗುಂದುತ್ತವೆ. ಕಳೆನಾಶಕ ಗ್ಲೈಫೋಸೇಟ್ ಗಡಸು ನೀರಿನ ಸುಣ್ಣದಂಶಕ್ಕೆ ಅಂಟಿಕೊಂಡು ಸೋಲುತ್ತದೆ. ಔಷಧಿ ಕೆಲಸ ಮಾಡಲಿಲ್ಲವೆಂದಾಗ ರೈತ ಅಂಗಡಿಯವನನ್ನು, ಅಂಗಡಿಯವ ಕಂಪನಿಯನ್ನು ದೂರುವುದುಂಟು. ಕೆಲವೊಮ್ಮೆ ತಪ್ಪು ನೀರಿನಲ್ಲೇ ಇರುತ್ತದೆ.

ಇನ್ನು ಕೈತೊಳೆಯುವ ವಿಚಾರ. ಸಿಂಪರಣೆ ಮುಗಿದ ಮೇಲೆ ಸೋಪು ಹಚ್ಚಿ ಸ್ನಾನ ಮಾಡಿ, ಬಟ್ಟೆ ಬೇರೆಯಾಗಿ ಒಗೆಯಿರಿ ಎಂದು ಕಾಗದ ಹೇಳುತ್ತದೆ. ಕುಡಿಯುವ ನೀರನ್ನೇ ಅಳೆದು ಬಳಸುವ ಊರಿನಲ್ಲಿ ಈ ಸಲಹೆ ಪಾಲಿಸುವುದು ಸುಲಭವಲ್ಲ. ಖಾಲಿ ಡಬ್ಬಿಯನ್ನು ಒಡೆದು, ಜನವಸತಿಯಿಂದ ದೂರ ಹೂಳಬೇಕೆಂಬುದು 1971ರ ನಿಯಮ. ಆದರೆ ಗಟ್ಟಿಮುಟ್ಟಾದ ಡಬ್ಬಿ ನೀರು ತುಂಬಿಡಲು ಒದಗುವ ಪಾತ್ರೆಯಾಗಿಯೂ ಕಾಣುತ್ತದೆ. ನೀರಿನ ಅಭಾವ ಇದ್ದಲ್ಲಿ ಆ ಆಸೆ ದೊಡ್ಡದು, ಅಪಾಯವೂ ದೊಡ್ಡದು.

ಅಂಗಡಿಯೇ ಆಸ್ಪತ್ರೆ

ಹುಳು ಬಿದ್ದ ಗಿಡದ ಟೊಂಗೆ ಮುರಿದುಕೊಂಡು ರೈತ ಹೋಗುವುದು ಕೃಷಿ ಇಲಾಖೆಯ ಕಚೇರಿಗಿಂತ ಹೆಚ್ಚಾಗಿ ಗೊಬ್ಬರದ ಅಂಗಡಿಗೆ. ರೋಗ ಹೇಳುವವನೂ ಮದ್ದು ಮಾರುವವನೂ ಅಲ್ಲಿ ಒಬ್ಬನೇ. ಅನೇಕ ಕಡೆ ಸಾಲ ಕೊಡುವವನೂ ಅವನೇ. ಉದ್ರಿ ತಂದವನಿಗೆ ಇದು ಬೇಡ, ಅದು ಕೊಡಿ ಎನ್ನುವ ಧೈರ್ಯ ಕಡಿಮೆ. ಸುಗ್ಗಿಯಾದ ಮೇಲೆ ಮಾಲು ಹೋಗಬೇಕಾದ ಅಡತಿ ಅಂಗಡಿಯೂ ಅದೇ ಸಾಹುಕಾರರದ್ದಾಗಿದ್ದರೆ ಮಾತು ಮುಗಿಯಿತು.

ಅಂಗಡಿಯ ಕಪಾಟಿನಲ್ಲಿ ನೂರಾರು ಹೆಸರುಗಳು ಏಕಿವೆ ಎಂಬುದಕ್ಕೂ ಕಾಯ್ದೆಯಲ್ಲೇ ಉತ್ತರವಿದೆ. ಯಾವುದೇ ಕೀಟನಾಶಕ ಕೇಂದ್ರದ ನೋಂದಣಿ ಸಮಿತಿಯಲ್ಲಿ ನೋಂದಣಿಯಾಗಬೇಕು. ಒಂದು ಕಂಪನಿ ಮೊದಲು ನೋಂದಾಯಿಸಿದ ಮೇಲೆ ಕಾಯ್ದೆಯ 9(4)ನೇ ಕಲಮಿನಡಿ ಉಳಿದವರು ಅದೇ ಷರತ್ತುಗಳ ಮೇಲೆ ಅದನ್ನೇ ತಯಾರಿಸಬಹುದು. ಇದರಿಂದ ಬೆಲೆ ಇಳಿಯಿತು, ದೇಶೀಯ ಉದ್ಯಮ ಬೆಳೆಯಿತು, ಭಾರತ ಇಂದು ಹೊರದೇಶಗಳಿಗೂ ಮಾರುತ್ತಿದೆ. ಆದರೆ ಒಂದೇ ಔಷಧಿ ಹತ್ತಾರು ವ್ಯಾಪಾರನಾಮಗಳಲ್ಲಿ ಸಿಗತೊಡಗಿತು. ಕಳೆದ ವಾರದ ಔಷಧಿ ಫಲ ಕೊಡಲಿಲ್ಲವೆಂದು ಬೇರೆ ಹೆಸರಿನದು ಕೊಂಡ ರೈತ, ಅದೇ ಔಷಧಿಯನ್ನು ಎರಡನೇ ಸಲ ಹೊಡೆದಿರುವ ಸಂಭವ ಉಂಟು.

ಓದು ಬಾರದವರಿಗೆಂದು ಇರುವುದು ಡಬ್ಬಿಯ ಮೇಲಿನ ಬಣ್ಣದ ಗುರುತು. ಕೆಂಪು ಎಂದರೆ ಅತಿ ಹೆಚ್ಚು ವಿಷ. ನಂತರ ಹಳದಿ, ನೀಲಿ, ಹಸಿರು. ಹಸಿರು ಕಂಡರೆ ನಿರಪಾಯವೆಂದು ತಿಳಿಯುವಂತಿಲ್ಲ, ಉಳಿದವಕ್ಕಿಂತ ವಿಷ ಕಡಿಮೆ ಎಂದಷ್ಟೇ ಅದರರ್ಥ. ಅಂಗಡಿಯವರನ್ನೇ ತರಬೇತುಗೊಳಿಸಲು ಹೈದರಾಬಾದಿನ ಮ್ಯಾನೇಜ್ ಸಂಸ್ಥೆ 2003ರಲ್ಲಿ ಒಂದು ವರ್ಷದ ಡಿಪ್ಲೊಮಾ ಆರಂಭಿಸಿತು. ರೈತ ಹೇಗೂ ಅಂಗಡಿಗೇ ಬರುತ್ತಾನೆ ಎಂಬ ವಾಸ್ತವವನ್ನು ಒಪ್ಪಿಕೊಂಡ ಕ್ರಮವಿದು.

ತೊಗರಿ ಕಲಿಸಿದ್ದು

ಈ ಎಲ್ಲ ಎಳೆಗಳು ಒಟ್ಟಿಗೆ ಬಿಗಿದುಕೊಂಡದ್ದು 1997-98ರ ಹಂಗಾಮಿನಲ್ಲಿ. ಮಳೆ ತಪ್ಪಿ ಸುರಿಯಿತು, ಮೋಡ ಕವಿಯಿತು, ಬೀದರ್ ಮತ್ತು ಕಲಬುರಗಿಯ ತೊಗರಿಗೆ ಕಾಯಿಕೊರಕ ಮುತ್ತಿತು. ಆಂಧ್ರದ ವಾರಂಗಲ್ ಕಡೆ ಹತ್ತಿ ಬೆಳೆಗೂ ಅದೇ ವರ್ಷ ಹುಳುವಿನ ಹಾವಳಿ. ಈ ಕಾಯಿಕೊರಕ ಹೊಸ ಪೈರೆಥ್ರಾಯ್ಡ್ ಔಷಧಿಗಳಿಗೂ ಬಗ್ಗದಂತಾಗಿರುವುದು ಆಂಧ್ರದ ಹತ್ತಿ ಹೊಲಗಳಲ್ಲಿ 1987ರ ಹೊತ್ತಿಗೇ ಕಂಡಿತ್ತು. ಉದ್ರಿ ತಂದು ಮೇಲಿಂದ ಮೇಲೆ ಹೊಡೆದರೂ ಬೆಳೆ ಉಳಿಯಲಿಲ್ಲ, ಸಾಲ ಮಾತ್ರ ಉಳಿಯಿತು. ಎರಡೂ ಕಡೆ ರೈತರ ಆತ್ಮಹತ್ಯೆಗಳು ದೇಶದ ಗಮನ ಸೆಳೆದವು. ಮುಂದೆ ಕರ್ನಾಟಕ ಸರಕಾರ ರೈತರ ಆತ್ಮಹತ್ಯೆಗಳ ಅಧ್ಯಯನಕ್ಕೆ ನೇಮಿಸಿದ ಸಮಿತಿಗೆ ಅಧ್ಯಕ್ಷರಾದವರು ಬೆಂಗಳೂರು ಕೃಷಿ ವಿಶ್ವವಿದ್ಯಾಲಯದ ಕುಲಪತಿಯಾಗಿದ್ದ ಕೀಟತಜ್ಞ ಡಾ. ಜಿ.ಕೆ. ವೀರೇಶ್.

ಅದೇ ತೊಗರಿ ಹೊಲಗಳಲ್ಲಿ ಇನ್ನೊಂದು ಪದ್ಧತಿಯೂ ಬಳಕೆಗೆ ಬಂತು. ಗಿಡವನ್ನು ಮೆಲ್ಲಗೆ ಅಲ್ಲಾಡಿಸಿ, ಕೆಳಗೆ ಹಾಸಿದ ಹಾಳೆಯ ಮೇಲೆ ಹುಳುಗಳನ್ನು ಉದುರಿಸಿ ಆಯ್ದು ನಾಶ ಮಾಡುವುದು. ಸಾಲಿನ ನಡುವೆ ಹಾಳೆ ಎಳೆಯಲು ಒಬ್ಬರು, ಗಿಡ ಅಲ್ಲಾಡಿಸಲು ಇಬ್ಬರು ಇದ್ದರೆ ಸಾಕು. ಹೈದರಾಬಾದ್ ಬಳಿಯ ಇಕ್ರಿಸ್ಯಾಟ್ ಸಂಸ್ಥೆಯ ವಿಜ್ಞಾನಿಗಳೂ ಇದನ್ನು ಪರೀಕ್ಷಿಸಿ ಪ್ರಚಾರ ಮಾಡಿದರು. ಇದಕ್ಕೆ ನೀರು ಬೇಡ, ವಿಷ ಬೇಡ, ಉದ್ರಿ ಬೇಡ. ಬೇಕಾದದ್ದು ಕೂಲಿಯಾಳು. ಅಂಗಡಿಯಲ್ಲಿ ಮಾರುವಂಥದ್ದು ಅದರಲ್ಲಿ ಏನೂ ಇಲ್ಲವಾದ್ದರಿಂದ ಅದಕ್ಕೆ ಜಾಹೀರಾತು ಹುಟ್ಟಲಿಲ್ಲ. ಬೇವಿನ ಬೀಜದ ಕಷಾಯಕ್ಕೂ ನೂರು ಲೀಟರಿಗೆ ಐದು ಕಿಲೊ ಬೀಜದ ಪುಡಿಯ ಲೆಕ್ಕದಲ್ಲಿ ನೀರು ಬೇಕೇಬೇಕು ಎಂಬುದನ್ನು ನೆನೆದರೆ ಈ ಸರಳ ಪದ್ಧತಿಯ ಬೆಲೆ ತಿಳಿಯುತ್ತದೆ.

ತಡವಾಗಿ ಬರುವ ನಿಷೇಧ

ಮಾರುಕಟ್ಟೆಯಿಂದ ಅಪಾಯದ ಔಷಧಿ ಹೊರಹೋಗಲು ಹಿಡಿಯುವ ಕಾಲ ಬಹಳ. ಭೋಪಾಲಿನ ಕಾರ್ಖಾನೆಯಲ್ಲಿ 1984ರ ಡಿಸೆಂಬರ್‌ನಲ್ಲಿ ಸೋರಿದ ಅನಿಲ, ಕಾರ್ಬರಿಲ್ ಎಂಬ ಕೀಟನಾಶಕದ ತಯಾರಿಕೆಗೆ ಬಳಸುತ್ತಿದ್ದದ್ದು. ಆ ಕಾರ್ಬರಿಲ್ ಭಾರತದಲ್ಲಿ ನಿಷೇಧವಾದದ್ದು 2018ರಲ್ಲಿ. ಮೀಥೈಲ್ ಪ್ಯಾರಾಥಿಯಾನ್ ಕೂಡ ಅದೇ ಆದೇಶದಲ್ಲಿ ಹೋಯಿತು.

ಕಾಸರಗೋಡಿನ ಎಣ್ಮಕಜೆ ಸುತ್ತಿನ ಗೇರು ತೋಟಗಳಲ್ಲಿ ಕಥೆ ಬೇರೆ. ಅಲ್ಲಿ ನೀರಿಗೆ ಬರವಿರಲಿಲ್ಲ. ಎರಡು ದಶಕಕ್ಕೂ ಹೆಚ್ಚು ಕಾಲ ಹೆಲಿಕಾಪ್ಟರಿನಿಂದ ಬಿದ್ದ ಎಂಡೋಸಲ್ಫಾನ್ ತೋಡು, ಕೆರೆ, ಸುರಂಗಗಳ ನಾಡಿನ ಮೇಲೆಯೇ ಬಿತ್ತು. ಬೆಳ್ತಂಗಡಿ ತಾಲ್ಲೂಕಿನ ಕೊಕ್ಕಡ, ಪಟ್ರಮೆಗಳಲ್ಲೂ ಅದೇ ಗೋಳು. 2011ರಲ್ಲಿ ಮೊದಲು ಕರ್ನಾಟಕ ಸರಕಾರ, ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟು ಅದನ್ನು ತಡೆದವು. ಮಳೆಯನ್ನೇ ನಂಬಿದ ವಿದರ್ಭದ ಯವತ್ಮಾಳದಲ್ಲಿ 2017ರಲ್ಲಿ ಎತ್ತರ ಬೆಳೆದ ಹತ್ತಿಗೆ ಔಷಧಿ ಹೊಡೆಯುತ್ತಿದ್ದ 20ಕ್ಕೂ ಹೆಚ್ಚು ರೈತರು, ಕೂಲಿಕಾರರು ಸತ್ತರು. ಆಗ ಹೆಚ್ಚು ಚರ್ಚೆಯಾದ ಮಾನೊಕ್ರೋಟೊಫಾಸ್‌ ಅನ್ನು ತರಕಾರಿಗೆ ಬಳಸಬಾರದೆಂದು 2005ರಲ್ಲೇ ಆದೇಶವಿತ್ತು. ಅದರ ಸಾಮಾನ್ಯ ದ್ರವರೂಪಕ್ಕೆ ನಿಷೇಧ ಬಂದದ್ದು 2023ರಲ್ಲಿ.

ಈಗ ಡ್ರೋನ್ ಬಂದಿದೆ. 2021ರ ಡಿಸೆಂಬರ್‌ನಲ್ಲಿ ಕೇಂದ್ರ ಅದರ ಮಾರ್ಗಸೂಚಿ ಹೊರಡಿಸಿತು. ಎಕರೆಗೆ 200 ಲೀಟರ್ ಬೇಕಾದಲ್ಲಿ ಸುಮಾರು ಹತ್ತು ಲೀಟರಿನಲ್ಲಿ ಕೆಲಸ ಮುಗಿಯುತ್ತದೆ. ಬೆನ್ನ ಮೇಲಿನ ಪಂಪು ಇಳಿಯುತ್ತದೆ, ಬಂಡಿಯ ನೀರು ತಪ್ಪುತ್ತದೆ. ಒಣಭೂಮಿಗೆ ಇದು ಸಣ್ಣ ಅನುಕೂಲವೇನಲ್ಲ. ಆದರೆ ಹತ್ತು ಲೀಟರಿನಲ್ಲಿ ಇರುವ ದ್ರಾವಣ ಇಪ್ಪತ್ತು ಪಟ್ಟು ಗಟ್ಟಿಯಾದದ್ದು. ಅದರ ಸಣ್ಣ ಹನಿ ಗಾಳಿಗೆ ಸಿಕ್ಕರೆ ಪಕ್ಕದ ಹೊಲ, ಕೆರೆ, ಜೇನುಪೆಟ್ಟಿಗೆ ಯಾವುದನ್ನೂ ಬಿಡದು. ಪುಡಿಯ ಕಾಲದಲ್ಲಿ ಇದ್ದ ಗಾಳಿಯ ಭಯ ಮತ್ತೆ ಬಂದಂತಾಯಿತು.

1968ರ ಕಾಯ್ದೆಗೆ ಬದಲಿ ತರುವ ಮಸೂದೆ 2008ರಲ್ಲೊಮ್ಮೆ, 2020ರಲ್ಲಿ ಮತ್ತೊಮ್ಮೆ ರಾಜ್ಯಸಭೆಯ ಮುಂದೆ ಬಂತು. ನೋಂದಣಿ, ದಂಡ, ಪರಿಹಾರಗಳ ಬಗ್ಗೆ ಅದರ ಸುತ್ತ ಚರ್ಚೆ ಸಾಕಷ್ಟು ನಡೆದಿದೆ. ಔಷಧಿಯೊಂದನ್ನು ಒಪ್ಪುವಾಗ ಅದು ಹೋಗುವ ಹೊಲದಲ್ಲಿ ನೀರೆಷ್ಟಿದೆ, ಆ ನೀರು ಎಂಥದು, ಹೊಡೆದವನು ಕೈತೊಳೆಯಲು ಒಂದು ಕೊಡವಾದರೂ ಉಳಿಯುತ್ತದೆಯೇ ಎಂದು ಕೇಳುವ ಪದ್ಧತಿ ಇನ್ನಾದರೂ ಬರಬೇಕು. ಅಲ್ಲಿಯವರೆಗೆ ಕಾಗದದ ಲೆಕ್ಕ ಒಂದು, ಹೊಲದ ಲೆಕ್ಕ ಇನ್ನೊಂದು. ಇವೆರಡರ ನಡುವಿನ ವ್ಯತ್ಯಾಸವನ್ನು ಸದ್ಯ ತನ್ನ ಮೈಮೇಲೆ ಹೊರುತ್ತಿರುವವನು ಪಂಪು ಹೊತ್ತವನೇ.