ಊರಿನ ಅಪೀಲು ಯಾರ ಪರವಾಗಿ?

ಪುರಸಭೆಯೊಂದು ವ್ಯಾಜ್ಯದಲ್ಲಿ ಸೋತ ದಿನ ಅದರ ಕಚೇರಿಯಲ್ಲಿ ಏಳುವ ಪ್ರಶ್ನೆ ಒಂದೇ: ಅಪೀಲು ಹೋಗಬೇಕೆ, ಬೇಡವೆ? ಅನೇಕ ಕಡೆ ಇದಕ್ಕೆ ಉತ್ತರವು ವಿಚಾರಕ್ಕಿಂತ ಮೊದಲೇ ಸಿದ್ಧವಾಗಿರುವುದುಂಟು. ಹೋಗತಕ್ಕದ್ದೆಂದು ಕಡತದ ಮೇಲೆ ಬರೆದ ಅಧಿಕಾರಿಯನ್ನು ಯಾರೂ ಆಕ್ಷೇಪಿಸುವುದಿಲ್ಲ. ಬೇಡವೆಂದು ಬರೆದವರು ಮಾತ್ರ ಹತ್ತು ಮಂದಿಗೆ ಸಮಾಧಾನ ಹೇಳಬೇಕಾಗುತ್ತದೆ. ವಕೀಲರ ಫೀಜು ಸಲ್ಲುವುದು ಪೌರರ ಕಂದಾಯದಿಂದಲೇ ಆದುದರಿಂದ, ಈ ವಿಷಯಕ್ಕೆ ಮಹಾಜನರು ತುಸು ಲಕ್ಷ್ಯ ಕೊಡಬೇಕೆಂದು ನಾವು ಬಯಸುತ್ತೇವೆ.

ಅಪೀಲು ವಕೀಲರ ಕೆಲಸವು ಕೆಳಗಿನ ನ್ಯಾಯಸ್ಥಾನದ ಕೆಲಸದಂತಲ್ಲ. ಅಲ್ಲಿ ಸಾಕ್ಷಿಗಳನ್ನು ಕರೆಸಿ ಪಾಟೀಸವಾಲು ಮಾಡುವ ಪ್ರಸಂಗ ಸಾಧಾರಣವಾಗಿ ಬರುವುದಿಲ್ಲ. ಆಗಲೇ ದಾಖಲಾದ ಕಾಗದಪತ್ರಗಳನ್ನೇ ಆಧಾರವಾಗಿಟ್ಟುಕೊಂಡು, ತೀರ್ಪು ಎಲ್ಲಿ ತಪ್ಪಿತೆಂಬುದನ್ನು, ಅಥವಾ ತಪ್ಪಿಲ್ಲವೆಂಬುದನ್ನು, ತೋರಿಸಬೇಕು. ಖಾಸಗಿ ಕಕ್ಷಿಗಾರನಿಗೆ ಗೆಲುವೊಂದೇ ಗುರಿ. ನಗರದ ವಕೀಲರ ಕಕ್ಷಿಗಾರರಾದರೋ ಇಡೀ ಊರಿನ ಜನ. ಎದುರಿಗೆ ನಿಂತವನೂ ಎಷ್ಟೋ ವೇಳೆ ಅದೇ ಊರಿನ ಕಂದಾಯದಾರ. ಆದಕಾರಣ ವಾದ ಮಾಡುವುದಕ್ಕಿಂತ ಮೊದಲು ಅವರು ಕೊಡುವ ಸಲಹೆಯೇ ಮುಖ್ಯವಾದುದು. ಎರಡು ದೃಷ್ಟಾಂತಗಳಿಂದ ಇದು ಸ್ಪಷ್ಟವಾಗುವುದು.

ಮೊದಲನೆಯದು ನ್ಯೂಯಾರ್ಕಿನದು. ಆ ನಗರವು ತನ್ನ ಕಾನೂನು ಇಲಾಖೆಯಲ್ಲಿ ಅಪೀಲುಗಳಿಗೆಂದೇ ಪ್ರತ್ಯೇಕ ವಿಭಾಗವನ್ನು ಇಟ್ಟುಕೊಂಡಿದೆ. ಅಲ್ಲಿನ ಭವ್ಯವಾದ ಪೆನ್ಸಿಲ್ವೇನಿಯಾ ರೈಲುನಿಲ್ದಾಣವನ್ನು 1963ರಲ್ಲಿ ಕೆಡವತೊಡಗಿದಾಗ ಜನ ಎಚ್ಚೆತ್ತರು. 1965ರಲ್ಲಿ ಹಳೆಯ ಕಟ್ಟಡಗಳ ರಕ್ಷಣೆಗಾಗಿ ನಗರವೇ ಒಂದು ಶಾಸನವನ್ನು ಮಾಡಿತು. 1913ರಲ್ಲಿ ತೆರೆದ ಗ್ರ್ಯಾಂಡ್ ಸೆಂಟ್ರಲ್ ನಿಲ್ದಾಣಕ್ಕೆ 1967ರಲ್ಲಿ ಈ ರಕ್ಷಣೆ ದೊರೆಯಿತು. ಅದರ ಮೇಲೆ ಐವತ್ತಕ್ಕೂ ಹೆಚ್ಚು ಅಂತಸ್ತುಗಳ ಗೋಪುರವನ್ನು ಎಬ್ಬಿಸಲು ಒಡೆಯರಾದ ಪೆನ್ ಸೆಂಟ್ರಲ್ ಕಂಪನಿಯವರು ಅನುಮತಿ ಕೇಳಿ, ಸಿಕ್ಕದಿರಲು ವ್ಯಾಜ್ಯ ಹೂಡಿದರು. 1975ರ ಆರಂಭದಲ್ಲಿ ಮೊದಲ ನ್ಯಾಯಸ್ಥಾನವು ಕಂಪನಿಯ ಪರವಾಗಿ ತೀರ್ಪಿತ್ತಿತು.

ಆ ವರ್ಷ ನ್ಯೂಯಾರ್ಕಿನ ಬೊಕ್ಕಸ ಬರಿದಾಗಿ, ನಗರವು ದಿವಾಳಿಯ ಅಂಚಿಗೆ ಬಂದಿತ್ತು. ಮುಂದೆಯೂ ಸೋತರೆ ಭಾರಿ ಪರಿಹಾರವನ್ನು ತೆರಬೇಕಾದೀತೆಂಬ ಭಯವಿದ್ದುದರಿಂದ, ಅಪೀಲನ್ನೇ ಬಿಡುವ ಯೋಚನೆಯೂ ನಡೆಯಿತು. ಪೌರರು ಸುಮ್ಮನಿರಲಿಲ್ಲ. ಮಾಜಿ ಅಧ್ಯಕ್ಷ ಕೆನೆಡಿಯವರ ಪತ್ನಿಯಾಗಿದ್ದ ಜಾಕ್ವೆಲಿನ್ ಒನಾಸಿಸ್ ಅವರು, ಅಪೀಲನ್ನು ಕೈಬಿಡಬಾರದೆಂದು ಮೇಯರ್ ಬೀಮ್ ಅವರಿಗೆ ಪತ್ರ ಬರೆದರು. ನಗರವು ಅಪೀಲು ಹೋಯಿತು. ಅದೇ ವರ್ಷಾಂತ್ಯದಲ್ಲಿ ತೀರ್ಪು ತಿರುಗಿಬಿದ್ದಿತು. 1977ರಲ್ಲಿ ರಾಜ್ಯದ ಅತ್ಯುನ್ನತ ನ್ಯಾಯಸ್ಥಾನವೂ ನಗರದ ಪರವಾಗಿಯೇ ನಿಂತಿತು. ಕಡೆಗೆ ಕಂಪನಿಯವರು ಅಮೆರಿಕದ ಸುಪ್ರೀಂ ಕೋರ್ಟಿಗೆ ಹೋದಾಗ, ನಗರದ ಪರವಾಗಿ ವಾದಿಸಿದವರು ನಗರದ ಸೇವೆಯಲ್ಲಿದ್ದ ವಕೀಲರೇ ಆದ ಲೆನರ್ಡ್ ಕರ್ನರ್. 1978ರ ಜೂನ್ 26ರಂದು 6 ನ್ಯಾಯಾಧೀಶರು ನಗರದ ಪಕ್ಷವನ್ನೂ 3 ಮಂದಿ ಎದುರು ಪಕ್ಷವನ್ನೂ ಹಿಡಿದು, ನಗರಕ್ಕೆ ಜಯವಾಯಿತು. ಆ ವೇಳೆಗೆ ಇಂತಹ ಶಾಸನಗಳನ್ನು ಮಾಡಿಕೊಂಡಿದ್ದ ಪುರಸಭೆಗಳು 500ಕ್ಕೂ ಹೆಚ್ಚೆಂದು ತೀರ್ಪಿನಲ್ಲಿಯೇ ಹೇಳಿದೆ. ಒಂದು ಊರಿನ ವಕೀಲರ ಶ್ರಮದಿಂದ ಅಷ್ಟೂ ಊರುಗಳ ಶಾಸನಗಳಿಗೆ ಬಲ ಬಂದಿತು.

ಎರಡನೆಯದು ನಮ್ಮ ದೇಶದ್ದೇ. ಮಧ್ಯಪ್ರದೇಶದ ರತ್ಲಾಂ ಪಟ್ಟಣದಲ್ಲಿ ನ್ಯೂ ರೋಡಿನ ನಿವಾಸಿಗಳು ತೆರೆದ ಚರಂಡಿಗಳ ದುರ್ಗಂಧ, ಮದ್ಯಸಾರದ ಕಾರ್ಖಾನೆಯಿಂದ ಹರಿದುಬರುವ ಕೊಳಚೆ, ಶೌಚಗೃಹಗಳಿಲ್ಲದೆ ಬೀದಿಯೇ ಬಯಲಾದ ದುರವಸ್ಥೆ ಇವುಗಳನ್ನು ಸಹಿಸಲಾರದೆ 1972ರಲ್ಲಿ ಮ್ಯಾಜಿಸ್ಟ್ರೇಟರಲ್ಲಿ ಮೊರೆಯಿಟ್ಟರು. ಆರು ತಿಂಗಳಲ್ಲಿ ಯೋಜನೆ ಸಿದ್ಧಪಡಿಸಿ ಉಪದ್ರವವನ್ನು ನೀಗಿಸಬೇಕೆಂದು ಪುರಸಭೆಗೆ ಆಜ್ಞೆಯಾಯಿತು. ಸೆಷನ್ಸ್ ಕೋರ್ಟು ಅದನ್ನು ತಳ್ಳಿಹಾಕಿತು, ಹೈಕೋರ್ಟು ಎತ್ತಿಹಿಡಿಯಿತು. ಪುರಸಭೆಯು ಅಷ್ಟಕ್ಕೇ ನಿಲ್ಲದೆ, ಹಣವಿಲ್ಲವೆಂಬ ಕಾರಣವನ್ನು ಹೊತ್ತು ದೆಹಲಿಗೆ ಹೋಯಿತು. 1980ರ ಜುಲೈ 29ರಂದು ನ್ಯಾಯಮೂರ್ತಿ ಕೃಷ್ಣ ಅಯ್ಯರ್ ಮತ್ತು ಚಿನ್ನಪ್ಪ ರೆಡ್ಡಿಯವರು, ಬಡತನದ ನೆಪದಿಂದ ಪುರಸಭೆಯು ತನ್ನ ಮೂಲ ಕರ್ತವ್ಯವನ್ನು ತಪ್ಪಿಸಿಕೊಳ್ಳಲಾಗದೆಂದು ನಿರ್ಣಯಿಸಿದರು. ಅಷ್ಟು ಹೊತ್ತಿಗೆ ಎಂಟು ವರ್ಷಗಳು ಕಳೆದಿದ್ದುವು.

ಎರಡು ಊರುಗಳಲ್ಲಿಯೂ ಬೊಕ್ಕಸ ಬರಿದಾಗಿತ್ತೆಂಬುದನ್ನು ವಾಚಕರು ಗಮನಿಸಬೇಕು. ಒಂದು ಊರು ಬಡತನವಿದ್ದರೂ ಜನರ ಸ್ವತ್ತನ್ನು ಕಾಯಲು ಅಪೀಲು ಹೋಯಿತು. ಇನ್ನೊಂದು ಬಡತನವನ್ನೇ ಮುಂದೆಮಾಡಿ ಜನರ ಮೇಲೆಯೇ ಅಪೀಲು ಹೋಯಿತು. ದಾವೆಯ ಖರ್ಚಿಗೆ ಸಿಕ್ಕ ಹಣ ಚರಂಡಿಯ ಖರ್ಚಿಗೇಕೆ ಸಿಕ್ಕಲಿಲ್ಲವೆಂದು ರತ್ಲಾಮಿನ ಗೃಹಸ್ಥನೊಬ್ಬನು ಕೇಳಿದ್ದರೆ ಏನು ಉತ್ತರ ಕೊಡಬಹುದಾಗಿತ್ತು?

ವಿಳಂಬದ ಮಾತೂ ಒಂದಿದೆ. ಸಿವಿಲ್ ಡಿಕ್ರಿಯ ಮೇಲೆ ಹೈಕೋರ್ಟಿಗೆ ಅಪೀಲು ಸಲ್ಲಿಸಲು 1963ರ ಕಾಲಪರಿಮಿತಿ ಕಾನೂನು 90 ದಿನಗಳನ್ನು ಕೊಟ್ಟಿದೆ. ಕಡತವು ಮೇಜಿನಿಂದ ಮೇಜಿಗೆ ಅಲೆಯುವಷ್ಟರಲ್ಲಿ ಈ ಅವಧಿ ತೀರಿಹೋಗುವುದುಂಟು. ಅಂಚೆ ಇಲಾಖೆಯು 427 ದಿನ ತಡವಾಗಿ ಬಂದ ಮೊಕದ್ದಮೆಯೊಂದರಲ್ಲಿ ಸುಪ್ರೀಂ ಕೋರ್ಟು 2012ರಲ್ಲಿ, ಕಚೇರಿಯ ನಿಧಾನಗತಿಯು ಕ್ಷಮೆಗೆ ಕಾರಣವಾಗದೆಂದು ಖಂಡಿತವಾಗಿ ಹೇಳಿತು. ವ್ಯರ್ಥವಾದ ಅಪೀಲುಗಳ ರಾಶಿಯಲ್ಲಿ ಸಾರ್ಥಕವಾದ ಅಪೀಲು ಹೂತುಹೋಗಿ ಅವಧಿ ಮೀರಿದರೆ, ಊರಿನ ಕೆರೆಯೋ ಬಯಲೋ ಪರರ ಪಾಲಾದೀತು.

ಆದುದರಿಂದ ನಮ್ಮ ಸೂಚನೆ ಇಷ್ಟೆ. ಪ್ರತಿಯೊಂದು ಸೋಲಿನ ತರುವಾಯವೂ ವಕೀಲರ ಲಿಖಿತ ಅಭಿಪ್ರಾಯವು ಅವಧಿಯೊಳಗೆ ಸಭೆಯ ಮುಂದೆ ಬರಲಿ. ಗೆಲ್ಲಬಹುದೆ ಎಂಬುದರೊಡನೆ, ಗೆದ್ದರೆ ಊರಿಗೇನು ಲಾಭವೆಂಬುದನ್ನೂ ಅದರಲ್ಲಿ ಬರೆಯಲಿ. ನಡೆಯುತ್ತಿರುವ ಅಪೀಲುಗಳ ಪಟ್ಟಿಯನ್ನೂ ಅವುಗಳ ಖರ್ಚನ್ನೂ ವರ್ಷಕ್ಕೊಮ್ಮೆ ಪೌರರ ಮುಂದಿಡಲಿ. ಅಪೀಲು ಬೇಡ, ಚರಂಡಿ ಕಟ್ಟಿಸಿರಿ ಎಂದು ಧೈರ್ಯವಾಗಿ ಹೇಳುವ ವಕೀಲರಿಗೆ, ಗೆದ್ದುಬಂದ ವಕೀಲರಿಗೆ ಸಲ್ಲುವಷ್ಟೇ ಮರ್ಯಾದೆ ಸಲ್ಲಲಿ.