ಮೊದಲು ಹಿಂದಿನ ಸಾಲಿನಲ್ಲಿ ಕೂತು ನೋಡಿ

ಎಲೆಕ್ಟ್ರಿಕ್ ವ್ಯಾನ್ ಕೊಳ್ಳಲು ಶೋರೂಮಿಗೆ ಹೋದವರು ಮೊದಲು ಕೇಳುವುದು, ‘ಒಂದು ಸಲ ಚಾರ್ಜ್ ಮಾಡಿದರೆ ಎಷ್ಟು ದೂರ ಹೋಗುತ್ತೆ?’ ಎಂದು. ಸೇಲ್ಸ್‌ನವರ ನಾಲಿಗೆಯ ಮೇಲೆ ಉತ್ತರ ಸಿದ್ಧವಾಗಿರುತ್ತದೆ. ಅದನ್ನು ಕೇಳಿಕೊಂಡು ಮುಂದಿನ ಬಾಗಿಲು ತೆಗೆದು ಸ್ಟೀರಿಂಗ್ ಹಿಡಿದು ಕೂರುತ್ತಾರೆ, ಮಕ್ಕಳನ್ನು ಹಿಂದಕ್ಕೆ ಕಳಿಸುತ್ತಾರೆ. ಮಕ್ಕಳೋ, ಎಲ್ಲಿ ಕೂರಿಸಿದರೂ ಖುಷಿಯಾಗಿರುತ್ತವೆ. ಆದರೆ ಇಷ್ಟು ದೊಡ್ಡ ಗಾಡಿಗೆ ದುಡ್ಡು ಸುರಿಯುವುದು ಆರೇಳು ಮಂದಿ ಒಟ್ಟಿಗೆ ಹೋಗಲೆಂದು. ಅದರ ನಿಜವಾದ ಪರೀಕ್ಷೆ ನಡೆಯಬೇಕಾದದ್ದು ಕಡೇ ಸಾಲಿನಲ್ಲಿ, ಅದೂ ದೊಡ್ಡವರು ಕೂತು.

ನಮ್ಮ ಮಾರುಕಟ್ಟೆಯ ಮೂರು ಗಾಡಿಗಳನ್ನು ಎದುರಿಗಿಟ್ಟುಕೊಳ್ಳೋಣ. ಬಿವೈಡಿ ಇಮ್ಯಾಕ್ಸ್ 7 ಬಂದದ್ದು 2024ರ ಅಕ್ಟೋಬರ್‌ನಲ್ಲಿ, ಆರಂಭಿಕ ಎಕ್ಸ್-ಶೋರೂಮ್ ಬೆಲೆ 26.90 ಲಕ್ಷ ರೂಪಾಯಿ. 2025ರ ಜುಲೈ ಒಂದೇ ತಿಂಗಳಲ್ಲಿ ಇನ್ನೆರಡು ಬಂದವು: ಆಗ 17.99 ಲಕ್ಷದಿಂದ ಶುರುವಾದ ಕಿಯಾ ಕ್ಯಾರೆನ್ಸ್ ಕ್ಲಾವಿಸ್ ಇವಿ ಮತ್ತು ಆಗ 69.90 ಲಕ್ಷವಿದ್ದ ಎಂಜಿ ಎಂ9. ಮೂರರಲ್ಲೂ ಏಳು ಸೀಟಿನ ಮಾದರಿ ಉಂಟು. ಏಳನ್ನು ಹಂಚಿರುವ ರೀತಿ ಮಾತ್ರ ಬೇರೆ. ಕಿಯಾ, ಬಿವೈಡಿಗಳಲ್ಲಿ ಮುಂದೆ ಇಬ್ಬರು, ನಡುವೆ ಮೂವರು, ಹಿಂದೆ ಇಬ್ಬರು. ಎಂ9ನಲ್ಲಿ ನಡುವೆ ಇಬ್ಬರೇ, ಹಿಂದೆ ಮೂವರು. ಅಂದರೆ ಎಂ9 ಕಟ್ಟಿದವರ ಮನಸ್ಸಿನಲ್ಲಿ ಇದ್ದವರು ನಡುವಿನ ಆ ಇಬ್ಬರು. ಅವರ ಸೀಟುಗಳನ್ನು 16 ಬಗೆಯಲ್ಲಿ ಹೊಂದಿಸಬಹುದು, ಅವು ತಣ್ಣಗಾಗುತ್ತವೆ, ಬೆಚ್ಚಗಾಗುತ್ತವೆ, ಬೆನ್ನು ಒತ್ತುತ್ತವೆ, ಕಾಲು ಚಾಚಲು ಆಸರೆಯನ್ನೂ ಕೊಡುತ್ತವೆ. ಯಜಮಾನರು ಹಾಗೆ ಕಾಲು ಚಾಚಿ ಒರಗಿದಾಗ ಹಿಂದಿನ ಮೂವರ ಮೊಣಕಾಲು ಎಲ್ಲಿಗೆ ಹೋಗುತ್ತದೆ ಎಂಬುದನ್ನು ಯಾವ ಬ್ರೋಷರೂ ಹೇಳುವುದಿಲ್ಲ.

ಆದ್ದರಿಂದ ಪರೀಕ್ಷೆ ಹೀಗಿರಲಿ. ಮನೆಯಲ್ಲಿ ಎಲ್ಲರಿಗಿಂತ ಎತ್ತರದವರನ್ನು ನಡುವಿನ ಸೀಟಿನಲ್ಲಿ ಅವರಿಗೆ ಆರಾಮವಾಗುವಂತೆ ಕೂರಿಸಿ, ಅವರ ಹಿಂದೆ ನೀವು ಕೂರಿ. ಪಾದ ಮುಂದಿನ ಸೀಟಿನ ಅಡಿಗೆ ಹೋಗುತ್ತದೆಯೇ? ತೊಡೆಗೆ ಸೀಟಿನ ಆಧಾರ ಸಿಗುತ್ತದೆಯೇ? ಎಲೆಕ್ಟ್ರಿಕ್ ಗಾಡಿಗಳಲ್ಲಿ ಬ್ಯಾಟರಿ ನೆಲದಡಿ ಹರಡಿಕೊಂಡಿರುವುದರಿಂದ ನೆಲ ತುಸು ಮೇಲೆ ಬರುತ್ತದೆ. ಸೀಟನ್ನು ಅಷ್ಟೇ ಎತ್ತರಿಸಿರದಿದ್ದರೆ ಮೊಣಕಾಲು ಎದೆಯ ಕಡೆಗೆ ಏಳುತ್ತದೆ, ತೊಡೆ ಗಾಳಿಯಲ್ಲಿ ನಿಲ್ಲುತ್ತದೆ. ಐದು ನಿಮಿಷಕ್ಕೆ ಇದು ತಿಳಿಯದು, ಅರ್ಧ ಗಂಟೆ ಕೂರಬೇಕು. ಆಮೇಲೆ ಅಜ್ಜಿಗೋ ಅತ್ತೆಗೋ ಯಾರ ಸಹಾಯವೂ ಇಲ್ಲದೆ ಇಳಿದು ಬರಲಾಗುತ್ತದೆಯೇ ನೋಡಿ. ಎಂ9ಗೆ ತಾನಾಗಿ ಜಾರುವ ಬಾಗಿಲುಗಳಿವೆ. ಇಕ್ಕಟ್ಟಿನ ಪಾರ್ಕಿಂಗ್‌ನಲ್ಲಿ ಇಳಿಯುವವರಿಗೆ ಇದು ದೊಡ್ಡ ಉಪಕಾರ, ಬೆನ್ನು ಒತ್ತುವ ಸೀಟಿಗಿಂತ ನಾನು ಇದಕ್ಕೇ ಹೆಚ್ಚು ಅಂಕ ಕೊಡುತ್ತೇನೆ. ಉಳಿದೆರಡಕ್ಕೆ ಸಾಮಾನ್ಯ ಕಾರಿನ ಬಾಗಿಲು. ಹಾಗೆ ನೋಡಿದರೆ ಅವೆರಡು ಉದ್ದ ಮಾಡಿದ ಕಾರುಗಳೇ, ವ್ಯಾನ್ ಎನ್ನಬಹುದಾದದ್ದು ಎಂ9 ಒಂದೇ. ಆದರೆ ಅದರ ಉದ್ದ 5.2 ಮೀಟರ್, ಅಗಲ 2 ಮೀಟರ್. ಅಪಾರ್ಟ್‌ಮೆಂಟಿನಲ್ಲಿರುವವರು ಮುಂಗಡ ಕೊಡುವ ಮೊದಲು ಟೇಪು ಹಿಡಿದು ಬೇಸ್‌ಮೆಂಟಿಗೆ ಇಳಿಯಲಿ.

ಸಾಮಾನಿನ ಜಾಗದ್ದು ಇನ್ನೊಂದು ಕಥೆ. ಏಳೂ ಸೀಟು ಎತ್ತಿ ನಿಲ್ಲಿಸಿದಾಗ ಇಮ್ಯಾಕ್ಸ್ 7ರ ಡಿಕ್ಕಿಯಲ್ಲಿ ಉಳಿಯುವುದು 180 ಲೀಟರ್, ಕ್ಲಾವಿಸ್‌ನಲ್ಲಿ 216. ವಿಮಾನದಲ್ಲಿ ಚೆಕ್-ಇನ್ ಮಾಡುವ ದೊಡ್ಡ ಟ್ರಾಲಿ ಸೂಟ್‌ಕೇಸ್ ಒಂದೇ ಸುಮಾರು ನೂರು ಲೀಟರ್ ನುಂಗುತ್ತದೆ. ಏಳು ಜನ ಮದುವೆಗೆ ಹೊರಟರೆ ರೇಷ್ಮೆ ಸೀರೆಯ ಪೆಟ್ಟಿಗೆ ಯಾರದೋ ತೊಡೆಯ ಮೇಲೇ ಹೋಗಬೇಕು. ಏಳು ಸೀಟು ಬೇಕು, ಏಳು ಜನರ ಗಂಟುಮೂಟೆಯೂ ಬೇಕು ಎನ್ನುವವರಿಗೆ ಈ ಅಳತೆಯ ಗಾಡಿ ಒದಗುವುದಿಲ್ಲ.

ಹಿಂದಿನ ಸಾಲಿನ ತಲೆನೋವು ನಮ್ಮದಷ್ಟೇ ಅಲ್ಲ. ಫೋಕ್ಸ್‌ವ್ಯಾಗನ್ ತನ್ನ ಹಳೆಯ, 1950ರಿಂದ ಬಂದ ಬಸ್ಸಿನ ಮೈಮಾಟವನ್ನು ನೆನಪಿಸುವ ಐಡಿ. ಬಜ್ ಎಂಬ ಎಲೆಕ್ಟ್ರಿಕ್ ವ್ಯಾನನ್ನು ಯುರೋಪಿನಲ್ಲಿ 2022ರಲ್ಲಿ ತಂದಿತು. ಮೂರು ಸಾಲಿನ ಉದ್ದನೆಯ ಮಾದರಿ ಆಮೇಲೆ ಅಮೆರಿಕಕ್ಕೂ ಹೋಯಿತು. 2025ರಲ್ಲಿ ಅಲ್ಲಿ ಐದು ಸಾವಿರಕ್ಕೂ ಹೆಚ್ಚು ವ್ಯಾನುಗಳನ್ನು ಕಂಪನಿ ಹಿಂದಕ್ಕೆ ಕರೆಸಬೇಕಾಯಿತು. ಕಾರಣ ಕೇಳಿದರೆ ನಗು ಬರುತ್ತದೆ: ಮೂರನೇ ಸಾಲಿನ ಸೀಟು ತೀರಾ ಅಗಲವಾಗಿತ್ತು. ಬೆಲ್ಟುಗಳು ಎರಡೇ, ಜಾಗ ಮಾತ್ರ ಮೂವರಿಗೆ ಆಗುವಷ್ಟು. ಮೂರನೆಯವರು ಬೆಲ್ಟಿಲ್ಲದೆ ಕೂರಬಹುದೆಂಬುದು ಅಲ್ಲಿನ ನಿಯಮದ ಆತಂಕ. ಮೆತ್ತೆಯಿಲ್ಲದ ಗಟ್ಟಿ ತುಂಡು ಜೋಡಿಸಿ ಸೀಟನ್ನು ಕಿರಿದು ಮಾಡುವುದೇ ಪರಿಹಾರವಾಯಿತು. ನಮ್ಮಲ್ಲಿ ಸೀಟು ಎಷ್ಟೇ ಕಿರಿದಿದ್ದರೂ ‘ಸ್ವಲ್ಪ ಅಡ್ಜಸ್ಟ್ ಮಾಡಿ’ ಎಂದು ಮೂರನೆಯವರು ತೂರಿಕೊಳ್ಳುತ್ತಾರೆ.

ಇನ್ನು ಎಲ್ಲರೂ ಮೊದಲು ಕೇಳುವ ದೂರದ ಲೆಕ್ಕ. ಎಂ9ಗೆ 548 ಕಿ.ಮೀ., ದೊಡ್ಡ ಬ್ಯಾಟರಿಯ ಇಮ್ಯಾಕ್ಸ್‌ಗೆ 530, ದೊಡ್ಡ ಬ್ಯಾಟರಿಯ ಕ್ಲಾವಿಸ್‌ಗೆ 490 ಎಂದು ಕಂಪನಿಗಳು ಹೇಳುತ್ತವೆ. ಇವನ್ನು ಒಂದರ ಪಕ್ಕ ಒಂದು ಬರೆದು ಹೋಲಿಸಬೇಡಿ. ಬಿವೈಡಿಯ ಅಂಕಿ ಯುರೋಪು ಎಂದೋ ಕೈಬಿಟ್ಟ ಹಳೆಯ ಪರೀಕ್ಷೆಯದು, ಉಳಿದೆರಡು ಭಾರತದ ಪರೀಕ್ಷೆಯವು. ಬ್ಯಾಟರಿ ಎಷ್ಟು ಯೂನಿಟ್ಟಿನದು ಎಂದು ಕೇಳಿ, ಅದನ್ನು ನೀವೇ ಗುಣಿಸಿಕೊಳ್ಳುವುದು ವಾಸಿ. ಎಂ9ದು 90 ಯೂನಿಟ್, ಇಮ್ಯಾಕ್ಸ್‌ದು 71.8, ಕ್ಲಾವಿಸ್‌ದು 51.4. ಏಸಿ ಹಾಕಿ, ತುಂಬಿದ ಗಾಡಿಯಲ್ಲಿ ಹೆದ್ದಾರಿಗೆ ಇಳಿದಾಗ ಯೂನಿಟ್ಟಿಗೆ 4ರಿಂದ 5 ಕಿ.ಮೀ. ಎಂದು ಬಿಗಿಯಾಗಿ ಹಿಡಿದರೆ ಮೋಸ ಹೋಗುವುದಿಲ್ಲ.

ದಾರಿಯಲ್ಲಿ ಚಾರ್ಜ್ ಮಾಡಲು ತಗಲುವ ಹೊತ್ತೂ ಹೀಗೆಯೇ. ಎಂ9 ಅರ್ಧ ಗಂಟೆಯಲ್ಲಿ ಶೇ 30ರಿಂದ 80ಕ್ಕೆ ಏರುತ್ತದೆ ಎನ್ನುವುದು 160 ಕಿಲೋವಾಟ್ ಚಾರ್ಜರ್ ಸಿಕ್ಕಾಗಿನ ಮಾತು. ಶೇ 50 ಎಂದರೆ 45 ಯೂನಿಟ್. ಹೆದ್ದಾರಿಯ ಹೋಟೆಲಿನ ಎದುರು ನಿಂತಿರುವುದು 60 ಕಿಲೋವಾಟ್‌ನದಾದರೆ ಮುಕ್ಕಾಲು ಗಂಟೆ ಬೇಕು. ಅದರ ಇನ್ನೊಂದು ಗನ್ನಿಗೆ ಮತ್ತೊಂದು ಕಾರು ಸಿಕ್ಕಿಸಿಕೊಂಡು ಶಕ್ತಿ ಇಬ್ಬರಿಗೂ ಹಂಚಿಹೋದರೆ ಒಂದೂವರೆ ಗಂಟೆ. ಮಂಗಳೂರಿಗೆ ಇಳಿಯುವವರಿಗೆ ಒಂದು ಮಾತು: ಸಕಲೇಶಪುರದಲ್ಲಿ ಬ್ಯಾಟರಿಯನ್ನು ತುಂಬಿ ತುಳುಕಿಸಬೇಡಿ. ಇಳಿಜಾರಿನಲ್ಲಿ ಮೋಟಾರು ಗಾಡಿಯನ್ನು ಹಿಡಿದು ನಿಲ್ಲಿಸುತ್ತಲೇ ವಿದ್ಯುತ್ತನ್ನು ಬ್ಯಾಟರಿಗೆ ಮರಳಿಸುತ್ತದೆ. ಒಳಗೆ ಜಾಗವೇ ಇಲ್ಲದಿದ್ದರೆ ಆ ಹಿಡಿತ ಸಡಿಲಾಗಿ, ಶಿರಾಡಿ ಘಾಟಿಯ ತಿರುವುಗಳ ಭಾರವೆಲ್ಲ ಮಾಮೂಲಿ ಬ್ರೇಕಿನ ಮೇಲೆ ಬೀಳುತ್ತದೆ.

ಮನೆಗೆಂದು ಕೊಳ್ಳುವವರು ತೆರಿಗೆಯನ್ನೂ ಕೂಡಿಸಿಕೊಳ್ಳಬೇಕು. 25 ಲಕ್ಷ ಮೀರಿದ ಎಲೆಕ್ಟ್ರಿಕ್ ಕಾರುಗಳಿಗೆ ಕರ್ನಾಟಕ 2024ರಲ್ಲಿ ಶೇ 10ರ ಜೀವಿತಾವಧಿ ತೆರಿಗೆ ತಂದಿತು. ಆ ಲೆಕ್ಕದಲ್ಲಿ ಎಂ9ಗೆ ಹತ್ತಿರ ಹತ್ತಿರ ಏಳು ಲಕ್ಷ. ಇಮ್ಯಾಕ್ಸ್ ಕೂಡ ಗೆರೆ ದಾಟುತ್ತದೆ.

ಬಾಡಿಗೆಗೆ ಓಡಿಸುವವರ ಕಣ್ಣು ಬೇರೆ ಕಡೆ ಇರಬೇಕು. ಜರ್ಮನಿಯ ಹ್ಯಾಂಬರ್ಗ್‌ನಲ್ಲಿ 2019ರಿಂದ ಓಡುತ್ತಿರುವ ಮೋಯಿಯಾ ಎಂಬ ಶೇರ್ ಟ್ಯಾಕ್ಸಿ ಸೇವೆ ತನಗೆಂದೇ ಆರು ಪ್ರಯಾಣಿಕರ ಎಲೆಕ್ಟ್ರಿಕ್ ವ್ಯಾನ್ ಮಾಡಿಸಿಕೊಂಡಿತು. ಅಲ್ಲಿ ಪ್ರತಿಯೊಬ್ಬರಿಗೂ ಬಿಡಿ ಸೀಟು, ಯಾರಿಗೂ ಹೆಚ್ಚಿನ ಮರ್ಯಾದೆಯಿಲ್ಲ. ಪರಿಚಯವಿಲ್ಲದವರು ಹತ್ತಿ ಇಳಿಯುವ ಗಾಡಿಗೆ ಅದೇ ಸರಿ. ದೇವನಹಳ್ಳಿಯ ವಿಮಾನ ನಿಲ್ದಾಣದಿಂದ ಒಂದು ತಂಡವನ್ನು ಕರೆತರಲು ಎಂ9 ಕಳಿಸಿದರೆ, ನಡುವಿನ ಸೀಟಿನಲ್ಲಿ ಯಾರು ಕೂರಬೇಕೆಂಬ ಸಂಕೋಚದಲ್ಲೇ ಎರಡು ನಿಮಿಷ ಹೋಗುತ್ತದೆ. ಒಬ್ಬ ಅತಿಥಿ, ಅವರ ಜೊತೆಗೊಬ್ಬರು ಎನ್ನುವ ಐಷಾರಾಮಿ ಸೇವೆಗಾದರೆ ಅದಕ್ಕೆ ಸಾಟಿಯಿಲ್ಲ.

ಕಾನೂನಿನ ಕಡೆಯಿಂದ ಒಂದು ಅನುಕೂಲವಿದೆ. ಬ್ಯಾಟರಿಯಿಂದ ಓಡುವ ಬಾಡಿಗೆ ಗಾಡಿಗಳಿಗೆ ಪರ್ಮಿಟ್ ಬೇಡವೆಂದು ಕೇಂದ್ರ ಸರ್ಕಾರ 2018ರಲ್ಲಿ ಆದೇಶಿಸಿದೆ. ಇವುಗಳ ನಂಬರ್ ಫಲಕ ಹಸಿರು, ಅಕ್ಷರ ಹಳದಿ. ಚಾಲಕರನ್ನು ಬಿಟ್ಟು ಆರು ಜನರವರೆಗಿನದು ಮೋಟಾರು ಕ್ಯಾಬ್. ಏಳನೆಯ ಪ್ರಯಾಣಿಕರು ಸೇರಿದರೆ ಅದು ಮ್ಯಾಕ್ಸಿ ಕ್ಯಾಬ್ ಆಗುತ್ತದೆ. ಮೇಲಿನ ಮೂರೂ ಮೊದಲ ಗುಂಪಿನವು.

ಬಾಡಿಗೆಯವರು ಗಮನವಿಟ್ಟು ಓದಬೇಕಾದದ್ದು ವಾರಂಟಿಯ ಕಾಗದ. ಇಮ್ಯಾಕ್ಸ್‌ನ ಬ್ಯಾಟರಿಗೆ ಎಂಟು ವರ್ಷ ಅಥವಾ 1.6 ಲಕ್ಷ ಕಿ.ಮೀ., ಯಾವುದು ಮೊದಲೋ ಅದು. ಅದರ ರಸಾಯನ ಲಿಥಿಯಂ ಐರನ್ ಫಾಸ್ಫೇಟ್ ಬಗೆಯದು, ದಿನವೂ ಪೂರ್ತಿ ಚಾರ್ಜ್ ಮಾಡಿದರೂ ತಾಳಿಕೊಳ್ಳುವ ಜಾತಿ. ಮನೆಯ ಗಾಡಿ ವರ್ಷಕ್ಕೆ ಹದಿನೈದು ಸಾವಿರ ಓಡಿದರೆ ಎಂಟು ವರ್ಷವೇ ಮೊದಲು ಮುಗಿಯುತ್ತದೆ. ದಿನಕ್ಕೆ 150 ಕಿ.ಮೀ.ಯಂತೆ ವರ್ಷಕ್ಕೆ 300 ದಿನ ಓಡುವ ಗಾಡಿಗೆ 45,000 ಕಿ.ಮೀ. ಆಗುತ್ತದೆ, ಮೂರೂವರೆ ವರ್ಷಕ್ಕೆ ಲೆಕ್ಕ ಚುಕ್ತಾ. ಬಾಡಿಗೆ ಬಳಕೆಗೆ ಷರತ್ತುಗಳೇ ಬೇರೆ ಇವೆಯೇ ಎಂದು ಡೀಲರ್ ಬಳಿ ಬರಹದಲ್ಲಿ ಕೇಳಿ ಪಡೆಯಿರಿ. ಸಾಲ ಐದು ವರ್ಷದ್ದಾದರೆ, ಕೊನೆಯ ಒಂದೂವರೆ ವರ್ಷ ವಾರಂಟಿ ಇಲ್ಲದ ಬ್ಯಾಟರಿಯ ಮೇಲೆ ಕಂತು ಕಟ್ಟುತ್ತಿರುತ್ತೀರಿ. ಗಾಡಿಯನ್ನು ಬಾಡಿಗೆಗೆ ಪಡೆಯುವ ಕಂಪನಿಗಳ ಜೊತೆ ಕಿಲೋಮೀಟರಿಗೆ ಇಷ್ಟು ಎಂದು ದರ ಕುದುರಿಸುವ ದಿನವೇ ಆ ಒಂದೂವರೆ ವರ್ಷದ ಖರ್ಚನ್ನೂ ಅದರೊಳಗೆ ಸೇರಿಸಿಕೊಂಡಿರಬೇಕು.